ಮೂರನೆಯ ರಾತ್ರಿಯ ಚಾಪೆ

ಇಬ್ರಾಹಿಂಪುರದ ರೈಲು ಹಳಿಯ ಪಕ್ಕದ ಕೇರಿಯಲ್ಲಿ ಪರಸವ್ವನ ಗೊರಕೆಯ ಮೇಲೆ ಹುಟ್ಟಿದಷ್ಟು ಕತೆಗಳು ಯಾವ ದೇವರ ಮೇಲೂ ಹುಟ್ಟಿರಲಿಕ್ಕಿಲ್ಲ. ಅವಳು ಮಲಗಿದರೆ ಸೊಲ್ಲಾಪುರದ ಗಾಡಿ ಬಂತೆಂದು ಗೇಟಿನವನು ಗೇಟು ಹಾಕುತ್ತಾನೆ ಎಂಬುದು ಅದರಲ್ಲಿ ಬಹಳ ಹಳೆಯದು. ಎದುರಿಗೇ ಹೇಳುತ್ತಿದ್ದರು, ಅವಳೂ ನಗುತ್ತಿದ್ದಳು. ಗಂಡಸು ಗೊರಕೆ ಹೊಡೆದರೆ ದುಡಿದು ದಣಿದಿದ್ದಾನೆ ಅನ್ನುತ್ತಾರೆ, ಹೆಂಗಸು ಹೊಡೆದರೆ ನಗೆಪಾಟಲು. ಸಿದ್ಧೇಶ್ವರ ಗುಡಿಯ ಹಿಂದಿನ ಖಾನಾವಳಿಯಲ್ಲಿ ಅವಳು ಹೊತ್ತು ಇಳಿಯುವ ತನಕ ರೊಟ್ಟಿ ಬಡಿಯುತ್ತಿದ್ದಳು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಗಂಡ ಹಣಮಂತ ಗೂಡ್ಸ್ ಶೆಡ್ಡಿನ ಹಮಾಲ. ಆ ಗೊರಕೆಯ ಪಕ್ಕದಲ್ಲೇ ಆಯುಷ್ಯ ಕಳೆದ. ಗೊರಕೆ ನಡೆದಷ್ಟು ಹೊತ್ತು ಅವನಿಗೆ ನಿದ್ದೆ, ನಿಂತರೆ ಎಚ್ಚರ. ಸದ್ದು ನಿಂತ ಕೂಡಲೇ ಕಾಲಿನಿಂದ ತಿವಿಯುತ್ತಿದ್ದ. “ಏಳ ಬೇ, ಉಸರ ತಗೋ.” ಅವಳು ಹ್ಹಾ ಎಂದು ಗಾಳಿ ನುಂಗಿ ಮಗ್ಗಲು ಹೊರಳುತ್ತಿದ್ದಳು. ಅದೊಂದು ರೋಗ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ರಾತ್ರಿಯ ಮಾತುಕತೆ ಎಂದರೆ ಅಷ್ಟೇ ಇತ್ತು.

ಗಂಡ ಸತ್ತ ಹೆಂಗಸನ್ನು ಕೆಲವು ದಿನ ರಾತ್ರಿ ಒಬ್ಬಳನ್ನೇ ಬಿಡಬಾರದು ಎಂಬುದು ಆ ಕೇರಿಯ ರೂಢಿ. ಸುತ್ತಲಿನ ಹೆಂಗಸರು ಉಂಡು, ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಬಂದು ಜೊತೆಗೆ ಮಲಗುತ್ತಾರೆ. ಬರ್ರಿ ಎಂದು ಯಾರೂ ಕರೆಯುವುದಿಲ್ಲ. ಕರೆಯದೆ ಬರಬೇಕಾದ್ದು ಅದು.

ಹಣಮಂತ ಸತ್ತ ಮೊದಲ ರಾತ್ರಿ ಪರಸವ್ವನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತು ಅತ್ತು ಸೋತು ಅವಳು ಮಲಗಿದಳು. ಮಲಗಿದ್ದೇ ತಪ್ಪಾಯಿತು. ಎರಡನೆಯ ರಾತ್ರಿ ಬಂದವಳು ಯಮನವ್ವ ಒಬ್ಬಳೇ. ಖಾನಾವಳಿಯಲ್ಲಿ ಎದುರು ಕೂತು ರೊಟ್ಟಿ ಬಡಿಯುವ ಗೆಳತಿ, ನಾಲ್ಕು ಮನೆ ಆಚೆಯವಳು. ಮೂರನೆಯ ರಾತ್ರಿ ಅವಳೂ ಬರಲಿಲ್ಲ. ಪರಸವ್ವ ಬಾಗಿಲಿಗೆ ಅಗಳಿ ಹಾಕದೆ ಬಹಳ ಹೊತ್ತು ಕಾದಳು. ಮರುದಿನ ಯಮನವ್ವ, “ನಮ್ಮ ಮನಿಯವರಿಗಿ ಮೈ ಬೆಚ್ಚಗಿತ್ತ ಬೇ” ಅಂದಳು. ಆ ಮನೆಯವನು, ಗೌಂಡಿ ಭೀಮಶಿ, ಅದೇ ಮುಂಜಾನೆ ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ ಗೋಡೆ ಏರಿ ಇಟ್ಟಂಗಿ ಇಡುತ್ತಿದ್ದ.

ಜಾತಿಯ ಮಾತಾಗಿದ್ದರೆ ಜಗಳಕ್ಕೆ ನಿಲ್ಲಬಹುದಿತ್ತು. ಬಂದವರೂ ಹೋದವರೂ ತನ್ನ ಕೇರಿಯವರೇ, ಒಂದೇ ನೀಲಿ ಬಾವುಟದ ಕೆಳಗೆ ನಡೆದವರೇ. ತನ್ನ ಮೂಗಿನ ವಿರುದ್ಧ ತಾನೇ ಯಾವ ಕಚೇರಿಯ ಮುಂದೆ ಧರಣಿ ಕೂರುವುದು? ಆಮೇಲೆ ಯಾವ ಸಾವಿನ ಮನೆಗೂ ಪರಸವ್ವ ಚಾಪೆ ಒಯ್ಯಲಿಲ್ಲ. ಹಗಲು ಹೋಗಿ, ಪಾತ್ರೆ ತಿಕ್ಕಿ, ನೀರು ತುಂಬಿ, ದೀಪ ಹಚ್ಚುವ ಮೊದಲು ಎದ್ದು ಬರುತ್ತಿದ್ದಳು. ಹೊತ್ತಾಯಿತು, ಇರು ಎಂದು ಯಾರೂ ತಡೆಯುತ್ತಿರಲಿಲ್ಲ.

ಕಾಲಿನಿಂದ ತಿವಿಯುವವನು ಹೋದ ಮೇಲೆ ರೋಗ ಬಲಿಯಿತು. ಹೋದ ವರ್ಷ ಹಂಚಿನ ಮುಂದೆ ಕೂತಲ್ಲೇ ಕಣ್ಣು ಹತ್ತಿ ಮುಂಗೈ ಸುಟ್ಟುಕೊಂಡಳು. ಖಾನಾವಳಿಯ ಒಡತಿ ಗುರುಸಿದ್ದವ್ವ, “ಕುಡದ ಬಂದೀಯೇನ ಬೇ?” ಎಂದು ಬಾಯಿ ಮೂಸಿ ನೋಡಿದಳು. ತಂಗಿಯ ಮಗಳು ವಿಶಾಖಾ ದವಾಖಾನೆಯೊಂದರಲ್ಲಿ ನರ್ಸು. ಸುದ್ದಿ ಕೇಳಿ ಬಂದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಮಲಗಿಸಿ ಪರೀಕ್ಷೆ ಮಾಡಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುತ್ತದೆ, ಮೈ ಬೆಚ್ಚಿ ಏಳುತ್ತದೆ, ಮತ್ತೆ ನಿಲ್ಲುತ್ತದೆ, ರಾತ್ರಿಯೆಲ್ಲ ಇದೇ ಅಂದರು. ಮದ್ದು ಎಂದರೆ ಗಾಳಿ ಊದುವ ಒಂದು ಡಬ್ಬಿ, ಡಬ್ಬಿಗೊಂದು ಕೊಳವೆ, ಅದರ ತುದಿಗೆ ಮೂಗು ಬಾಯಿ ಮುಚ್ಚುವ ಮಾಸ್ಕು. ಹಣಮಂತನ ಕಾಲು ಮಾಡುತ್ತಿದ್ದ ಕೆಲಸವನ್ನು ಇನ್ನು ಈ ಡಬ್ಬಿ ಮಾಡಬೇಕು.

ಮೊದಮೊದಲು ಬೆಳಗಾದರೆ ಮಾಸ್ಕು ಕಾಲ ಕೆಳಗೆ ಬಿದ್ದಿರುತ್ತಿತ್ತು. ಯಾರೋ ಮುಖಕ್ಕೆ ಅಂಗೈ ಒತ್ತಿದ ಹಾಗಾಗಿ ನಿದ್ದೆಗಣ್ಣಲ್ಲೇ ಕಿತ್ತೆಸೆಯುತ್ತಿದ್ದಳು. ಹಾಕಿಕೊಂಡೇ ಮಲಗಿದ ದಿನ ಕೆನ್ನೆಯ ಮೇಲೆ ಪಟ್ಟಿಯ ಗುರುತು. “ಗಂಡಿಲ್ಲದ ಮನ್ಯಾಗ ನಿನಗ ಹೊಡದವರ ಯಾರ ಬೇ?” ಎಂದು ಖಾನಾವಳಿಯವರು ಕೆಣಕಿದರು. ಹಗಲು ಕೂತಾಗ ಹಾಕಿಕೊಂಡು ರೂಢಿ ಮಾಡಿಕೋ ಎಂದು ವಿಶಾಖಾ ಹೇಳಿಕೊಟ್ಟಳು. ರಜೆಯ ದಿನ ಸೊಂಡಿಲು ಇಟ್ಟುಕೊಂಡ ಗಣಪನ ಹಾಗೆ ಕೂತು ಪರಸವ್ವ ಮೆಂತ್ಯೆ ಪಲ್ಲೆ ಬಿಡಿಸಿದಳು. ಎರಡು ತಿಂಗಳು ಹೋದ ಮೇಲೆ ಮೈ ಒಪ್ಪಿಕೊಂಡಿತು. ತಲೆ ಹಗುರವಾಯಿತು, ಹಂಚಿನ ಮುಂದೆ ಕಣ್ಣು ಹತ್ತುವುದು ನಿಂತಿತು.

ಒಂದೇ ತಕರಾರು. ಮಾಸ್ಕು ಹಾಕಿಕೊಂಡು ಮಾತಾಡಲು ಬರುವುದಿಲ್ಲ, ಬಾಯಿ ತೆರೆದರೆ ಗಾಳಿ ಬುಸ್ಸೆನ್ನುತ್ತದೆ. ಮಲಗುವ ಮುಂದೆ ಗೋಡೆಯ ಮೇಲಿನ ಹಣಮಂತನ ಫೋಟೋದೊಂದಿಗೆ ಎರಡು ಮಾತಾಡುವ ಚಟ ಅವಳಿಗೆ. ಈಗ ಮಾತನ್ನೆಲ್ಲ ಮೊದಲೇ ಮುಗಿಸಿ, “ಸಾಕಿನ್ನ, ಬಾಯಿ ಕಟಗೋತೇನಿ” ಎಂದು ಪಟ್ಟಿ ಬಿಗಿಯುತ್ತಿದ್ದಳು.

ಒಂದು ಸಲ ವಿಶಾಖಾ ರಾತ್ರಿ ಉಳಿದಳು. ಬೆಳಗ್ಗೆ ಪರಸವ್ವ ಚಹಾ ಕೊಡುತ್ತ ಕೇಳಿದಳು. “ಹೆಂಗ ಅನಸ್ತ? ಖರೇ ಹೇಳ.”

“ದೊಡ್ಡವ್ವ, ನೀ ಮನ್ಯಾಗ ಅದೀ ಅನ್ನೋದ ಗೊತ್ತಾಗಲಿಲ್ಲ ನೋಡ.”

ಪರಸವ್ವನಿಗೆ ಖುಷಿಯಾಯಿತು. ಕಪ್ಪು ತೊಳೆಯುವಾಗ ಅದೇ ಮಾತು ಸ್ವಲ್ಪ ಚುಚ್ಚಿತು ಕೂಡ.

ಈ ಚಳಿಗಾಲ ಮುಗಿಯುವಾಗ ಭೀಮಶಿ ಸತ್ತ. ಸಿಮೆಂಟು ಧೂಳು ಕುಡಿದ ಪುಪ್ಪುಸ, ದವಾಖಾನೆಗೆ ಒಯ್ದ ವಾರದಲ್ಲೇ ಮುಗಿಯಿತು. ಅಲ್ಲಿ ಒಳಗಿನ ಕೋಣೆಗೆ ಯಮನವ್ವನನ್ನು ಬಿಟ್ಟು ಯಾರನ್ನೂ ಬಿಟ್ಟಿರಲಿಲ್ಲ. ಮೊದಲ ದಿನಗಳಲ್ಲಿ ಮನೆ ತುಂಬ ಜನ. ಆಮೇಲೆ ಬಬಲೇಶ್ವರಕ್ಕೆ ಕೊಟ್ಟ ಮಗಳು ಹಸಿಗೂಸನ್ನು ಎತ್ತಿಕೊಂಡು ಹೋದಳು, ತಿಕೋಟಾದ ತಂಗಿ ದ್ರಾಕ್ಷಿ ಕೊಯ್ಲಿಗೆ ಹೋದಳು, ಕೇರಿಯವರ ಚಾಪೆಗಳು ಒಂದೊಂದಾಗಿ ಸುತ್ತಿಕೊಂಡವು.

ಕೊನೆಯ ಚಾಪೆಯೂ ಹೋದ ದಿನ ಸಂಜೆ ಪರಸವ್ವ ರೊಟ್ಟಿಬುಟ್ಟಿಯಲ್ಲಿ ಡಬ್ಬಿ ಇಟ್ಟು, ಮೇಲೆ ಬಟ್ಟೆ ಮುಚ್ಚಿ, ಎಷ್ಟೋ ವರ್ಷದ ಮೇಲೆ ಚಾಪೆ ಕಂಕುಳಲ್ಲಿ ಇಟ್ಟುಕೊಂಡಳು. ನಾಲ್ಕು ಮನೆಯ ದಾರಿ. ಬೇಡ ಅಂದರೆ ಹೇಗೆ ಹೊರಳಿ ಬರುವುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು.

ಯಮನವ್ವ ಚಾಪೆ ನೋಡಿದಳು, ಅವಳ ಮುಖ ನೋಡಿದಳು. “ನೀ ಬಂದೀ?”

“ಬಂದೇನಿ. ಸದ್ದ ಆಗಂಗಿಲ್ಲ, ಹೆದರಬ್ಯಾಡ. ಪ್ಲಗ್ ಎಲ್ಲೈತಿ?”

ಇದ್ದದ್ದು ಒಂದೇ. ಫೋನಿನ ಚಾರ್ಜರ್ ಕಿತ್ತು ಪರಸವ್ವ ವಾಯರು ಚುಚ್ಚಿದಳು. ಪಕ್ಕದಲ್ಲಿ ಕೂತು ಮಾಸ್ಕು ಹಾಕಿ, ಪಟ್ಟಿ ಬಿಗಿದು ಗೆಳತಿಯ ಕಡೆ ಹೊರಳಿದಳು. ಯಮನವ್ವ ಚಾಪೆ ಬಿಟ್ಟು ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು.

“ತಗಿ ಅದನ್ನ.”

ಪರಸವ್ವ ಗಡಬಡಿಸಿ ಕಿತ್ತಳು.

“ಅವರಿಗೂ ಇಂಥಾದ್ದ ಹಾಕಿದ್ರು. ಹಿಂಗ ಬುಸು ಬುಸು ಅಂತಿತ್ತು.”

ಯಾವ ವಸ್ತುವಿನಿಂದ ತಾನು ಇನ್ನೊಬ್ಬರ ಪಕ್ಕ ಮಲಗುವಂತಾಯಿತೋ, ಈ ಮನೆಯಲ್ಲಿ ಅದನ್ನೇ ತೋರಿಸಬಾರದು. ಪರಸವ್ವ ಕೊಳವೆ ಸುತ್ತತೊಡಗಿದಳು. “ಹೋಕ್ಕೇನಿ ಬಿಡ. ಮುಂಜಾನಿ ಬರ್ತೇನಿ.”

“ಕುಂದ್ರ.” ಯಮನವ್ವ ತಾನೂ ಕೂತಳು. ಸುಮಾರು ಹೊತ್ತು ಮಾಸ್ಕನ್ನೇ ನೋಡಿದಳು. “ಕಡೀ ದಿನ ಏನೋ ಹೇಳಾಕತ್ತಿದ್ರ ಪರಸವ್ವ. ತುಟಿ ಹೊಯ್ದಾಡ್ತಿದ್ದು. ಕಿವಿ ಹಚ್ಚಿ ಕೇಳಿದ್ನಿ, ಬರೀ ಗಾಳಿ. ಅದೊಂದ ತಲ್ಯಾಗ ಕೊರ್ಯಾಕತ್ತೈತಿ.” ಮೂಗು ಸೆರಗಿಗೆ ಒರೆಸಿದಳು. “ನೀ ಹಾಕ್ಕೊಂಡ ಏನರೆ ಮಾತಾಡ. ತಿಳೀತದೇನ ನೋಡತೇನಿ.”

“ಹುಚ್ಚ ಏನ ನಿನಗ?”

“ಹೂಂ, ಹುಚ್ಚ. ಮಾತಾಡ.”

ಪರಸವ್ವ ಮತ್ತೆ ಮಾಸ್ಕು ಬಿಗಿದಳು. ಏನು ಮಾತಾಡುವುದೆಂದು ಯೋಚಿಸಿರಲಿಲ್ಲ. ಬಾಯಿ ತೆರೆದಾಗ ಬಂದ ಮಾತು ಅವಳಿಗೇನೂ ಹೊಸದಲ್ಲ. ಮೂರನೇ ರಾತ್ರಿ ನೀ ಯಾಕ ಬರಲಿಲ್ಲ ಬೇ? ನಾ ಅಗಳಿ ಹಾಕಿರಲಿಲ್ಲ. ಗಾಳಿ ಬುಸ್ಸೆಂದು ಪ್ಲಾಸ್ಟಿಕ್ಕಿನ ಅಂಚಿನಿಂದ ಹೊರಗೆ ನುಗ್ಗಿತು. ಯಮನವ್ವ ಮುಂದೆ ಬಾಗಿ ತುಟಿಗಳನ್ನು ನೋಡಿದಳು, ಕಿವಿ ತಂದು ಮಾಸ್ಕಿಗೆ ಹಚ್ಚಿದಳು.

“ಏನಂದಿ?”

ಪರಸವ್ವ ಮಾಸ್ಕು ಮೇಲೆತ್ತಿದಳು. ಗೆಳತಿಯ ಮುಖ ಅವಳ ಮುಖಕ್ಕೆ ಅಷ್ಟು ಹತ್ತಿರ ಇತ್ತು.

“ನೀರ ಬೇಡಿದ್ನಿ,” ಅಂದಳು. “ಇದನ್ನ ಹಾಕ್ಕೊಂಡ್ರ ಬಾಯಿ ಒಣಗತೈತಿ. ಮೊದಲ ನೀರ ನೆನಪಾಗತೈತಿ, ಮತ್ತೇನಿಲ್ಲ.”

ಯಮನವ್ವ ಆ ಮಾತನ್ನು ನಿಧಾನಕ್ಕೆ ಅಗಿದು ನುಂಗಿದಳು. “ನೀರ ಕೊಟ್ಟಿದ್ನಿ ನಾ. ಹತ್ತಿ ಅದ್ದಿ ತುಟಿಗಿ ಹಚ್ಚಿದ್ನಿ.”

“ಮತ್ತ? ಬೇಡಿದ್ದ ಕೊಟ್ಟೀ. ಮುಗೀತು.”

ಯಮನವ್ವ ಎದ್ದು ಹೋಗಿ ತಂಬಿಗೆ ತುಂಬ ನೀರು ತಂದಳು. ಬೇಡವಾಗಿದ್ದ ನೀರನ್ನು ಪರಸವ್ವ ಪೂರ್ತಿ ಕುಡಿದಳು.

“ಹಾಕ್ಕೊಂಡ ಮಲಕೋ. ನಾ ಆ ಕಡಿ ಹೊಳ್ಳತೇನಿ.”

ಬೆನ್ನಿಗೆ ಬೆನ್ನು ಮಾಡಿ ಮಲಗಿದರು. ದೀಪ ಆರಿದ ಮೇಲೆ ಯಮನವ್ವ ಗೋಡೆಗೆ ಮುಖ ಮಾಡಿ ಭೀಮಶಿಯ ಸುದ್ದಿ ತೆಗೆದಳು. ಅವನ ಸಿಟ್ಟು, ಅವನ ಬೀಡಿ. ಪರಸವ್ವನ ಬಾಯಿ ಕಟ್ಟಿತ್ತು, ಹೂಂ ಅನ್ನಲೂ ಬರುವಂತಿರಲಿಲ್ಲ. “ಕೇಳಾಕತ್ತೀಯಿಲ್ಲ?” ಎಂದಾಗ ಅಂಗೈಯಿಂದ ನೆಲ ಬಡಿದಳು, ರೊಟ್ಟಿ ಬಡಿದ ಹಾಗೆ. ಅದು ಯಮನವ್ವನಿಗೆ ತಿಳಿಯಿತು, ಕತೆ ಮುಂದುವರಿಯಿತು. ಹಣಮಂತ ಸತ್ತಾಗಿನ ಆ ರಾತ್ರಿಯ ಸುದ್ದಿ ಮಾತ್ರ ಅದರಲ್ಲಿ ಬರಲಿಲ್ಲ. ಯಮನವ್ವನಿಗೆ ಅದು ನೆನಪಿತ್ತೋ ಇಲ್ಲವೋ.

ಮರುದಿನವೂ ಪರಸವ್ವ ಹೋದಳು. ಮೂರನೆಯ ಸಂಜೆ ಖಾನಾವಳಿಯಲ್ಲಿ ತಡವಾಯಿತು. ಬುಟ್ಟಿ ಹೊತ್ತು ಹೋಗುವಷ್ಟರಲ್ಲಿ ಕತ್ತಲಾಗಿತ್ತು. ಬಾಗಿಲಿಗೆ ಅಗಳಿ ಹಾಕಿರಲಿಲ್ಲ. ಯಮನವ್ವ ಆಗಲೇ ಗೋಡೆಯ ಕಡೆ ಹೊರಳಿ ಮಲಗಿದ್ದಳು. ಚಾರ್ಜರ್ ಕಿತ್ತು ನೆಲದ ಮೇಲೆ ಇಟ್ಟಾಗಿತ್ತು, ಪ್ಲಗ್ಗು ಖಾಲಿ ಇತ್ತು.