ಗಂಟೆಗೋಪುರಕ್ಕೆ ಮೊದಲ ಸ್ಥಾನ

ಆ ವರ್ಷ ಹೊರಬಂದ ಹೆವಿ ಮೆಟಲ್ ಆಲ್ಬಮ್‌ಗಳಲ್ಲಿ ಅತ್ಯುತ್ತಮವಾದ ಹತ್ತನ್ನು ಆರಿಸಿ ಒಂದರಿಂದ ಹತ್ತರವರೆಗೆ ಸ್ಥಾನ ಕೊಡಬೇಕೆಂದು ನನ್ನ ತಮ್ಮ ಮತ್ತು ಅವನ ಇಬ್ಬರು ಗೆಳೆಯರು ಮುಂಬಯಿಯ ವಡಾಲದ ನಮ್ಮ ಮನೆಯ ಹಾಲ್‌ನಲ್ಲಿ ಸಭೆ ಸೇರಿದಾಗ, ವರ್ಷ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಕಾಫಿ ತಂದಿಡುತ್ತಾ ನಾನು ಅದನ್ನೇ ಹೇಳಿದೆ.

“ಇನ್ನೆರಡು ತಿಂಗಳಲ್ಲಿ ಒಳ್ಳೇದು ಯಾವ್ದೂ ಬರಲ್ಲ,” ಎಂದ ಗೆಳೆಯರಲ್ಲೊಬ್ಬನಾದ ಮೇಲಿನ ಮಹಡಿಯವನು.

“ಅದು ಹೇಗೆ ಗೊತ್ತು?”

“ಅಕ್ಕಾ, ತೂ ರೆಹನೇ ದೇ,” ಎಂದ ತಮ್ಮ. “ಇದೆಲ್ಲ ನಿಂಗೆ ಸಮಝ್ ಆಗಲ್ಲ.”

ಎಂಬತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತಮೂರು. ಫೋರ್ಟಿನ ಒಂದು ಇನ್ಶೂರೆನ್ಸ್ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ತಮ್ಮ ಕಾಲೇಜಿನ ಎರಡನೇ ವರ್ಷದಲ್ಲಿದ್ದ. ಡಿಸೆಂಬರಿನಲ್ಲಿ ಅವನ ಕಾಲೇಜಿನ ಉತ್ಸವ. ಅಲ್ಲಿಗೆ ಬರುವ ಬೇರೆ ಕಾಲೇಜುಗಳ ಹುಡುಗರ ಕೈಗೆ ಈ ಹತ್ತರ ಪಟ್ಟಿಯನ್ನು ಹಂಚಿ, ಮುಂಬಯಿಯಲ್ಲಿ ಮೆಟಲ್ ಅಂದರೆ ಏನೆಂದು ಬಲ್ಲವರು ಯಾರು ಎಂಬುದನ್ನು ಒಂದೇ ಏಟಿಗೆ ತೀರ್ಮಾನ ಮಾಡಿಬಿಡುವುದು ಅವರ ಯೋಜನೆ.

ಮೇಲಿನ ಮಹಡಿಯವನು ತಮ್ಮನಿಗಿಂತ ಎರಡು ವರ್ಷ ಸೀನಿಯರ್. ಮನೆಯವರು ಬೆಂಗಳೂರಿನ ಕಡೆಯವರು. ಅವನ ಸೋದರಮಾವ ಮಸ್ಕತ್ತಿನಲ್ಲಿದ್ದು, ಬಂದುಹೋಗುವವರ ಕೈಲಿ ಒರಿಜಿನಲ್ ಕ್ಯಾಸೆಟ್ ಕಳಿಸುತ್ತಿದ್ದರು. ಹಾಗಾಗಿ ಅವನೇ ಅಧ್ಯಕ್ಷ, ಅವನಿಗೆ ಎರಡು ವೋಟು. ಸಾವು, ಸರ್ವನಾಶ, ನರಕದ ಬಾಗಿಲು ಎಂದು ಅವನು ಇಂಗ್ಲಿಷಿನಲ್ಲಿ ಗಂಭೀರವಾಗಿ ವಿವರಿಸುತ್ತಿರುವಾಗ ಮೇಲಿನಿಂದ ಅವನ ತಾಯಿಯ ದನಿ ಬರುತ್ತಿತ್ತು: “ಹಾಲಿನ ಕಾರ್ಡ್ ಎಲ್ಲಿಟ್ಯೋ?” ನರಕವನ್ನು ಅರ್ಧಕ್ಕೇ ಬಿಟ್ಟು ಅವನು ಮೆಟ್ಟಿಲು ಹತ್ತುತ್ತಿದ್ದ.

ಮೂರನೆಯವನು ಜೋಗೇಶ್ವರಿಯಿಂದ ಬರುತ್ತಿದ್ದ. ಅವನ ತಂದೆ ಹುಬ್ಬಳ್ಳಿ ಕಡೆಯ ಸಾಯಬರು. ಸಣ್ಣ ಕಾರ್ಖಾನೆಗಳ ಸಾಲಿನಲ್ಲಿ ಒಂದು ಶೆಡ್ಡು ಹಿಡಿದು ಮೋಟರ್ ವೈಂಡಿಂಗೂ ಟೇಪ್‌ರೆಕಾರ್ಡರ್ ರಿಪೇರಿಯೂ ಮಾಡುತ್ತಿದ್ದರು. ಮನೆಯಲ್ಲಿ ದಖನಿ, ನಮ್ಮ ಜೊತೆ ಹುಬ್ಬಳ್ಳಿ ಕನ್ನಡ. ಎರಡು ಕ್ಯಾಸೆಟ್ ಒಟ್ಟಿಗೆ ಹಾಕುವ ಡೆಕ್ ಇದ್ದದ್ದು ಅವರ ಶೆಡ್ಡಿನಲ್ಲಿ ಮಾತ್ರ. ಎಲ್ಲರಿಗೂ ಕಾಪಿ ಮಾಡಿಕೊಡುವವನು ಅವನು, ಮೇಲಿನ ಚೀಟಿಯನ್ನು ದುಂಡಗೆ ಬರೆದು ಅಂಟಿಸುವವನೂ ಅವನೇ. ಅವನಿಗೂ ಒಂದು ವೋಟಿತ್ತು. ಆದರೆ ಅವನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವ ಹೊತ್ತಿಗೆ ಚರ್ಚೆ ಮುಗಿದು ಅಧ್ಯಕ್ಷ ಮುಂದಿನ ಕ್ಯಾಸೆಟ್ಟಿಗೆ ಹೋಗಿರುತ್ತಿದ್ದ.

ಆಲ್ಬಮ್‌ಗಳ ನಿಜವಾದ ಹೆಸರುಗಳನ್ನು ನಮ್ಮ ಮನೆಯಲ್ಲಿ ಆ ಮೂವರನ್ನು ಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಕ್ಯಾಸೆಟ್ಟಿನ ಮೇಲೆ ಜೆರಾಕ್ಸ್ ಮಾಡಿ ಅಂಟಿಸಿದ ಚಿತ್ರ ನೋಡಿ ಅಮ್ಮ ಒಂದೊಂದಕ್ಕೂ ಹೆಸರಿಟ್ಟಿದ್ದಳು. ಉರಿಯೋ ಹಡಗು, ಮೂಳೆ ಕೈ, ಗಂಟೆಗೋಪುರ. “ಆ ಮೂಳೆ ಕೈನ ದೇವರ ಗೂಡಿನ ಹತ್ರ ಇಡಬೇಡ್ವೋ,” ಎಂದು ವಾರಕ್ಕೊಮ್ಮೆಯಾದರೂ ಗದರುತ್ತಿದ್ದಳು. ನನ್ನ ತಲೆಯಲ್ಲಿ ಇವತ್ತಿಗೂ ಅವೇ ಹೆಸರುಗಳಿವೆ.

ಸಭೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿಯೆಂದರೆ, ಆ ಕ್ಯಾಸೆಟ್ಟುಗಳನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದವಳು ನಾನೊಬ್ಬಳೇ. ಹಿಂದಿನ ವರ್ಷದ ದೀಪಾವಳಿ ಬೋನಸ್ಸಿನಲ್ಲಿ ಒಂದು ವಾಕ್‌ಮನ್ ಕೊಂಡಿದ್ದೆ. ದೇವರನಾಮದ ನಾಲ್ಕು ಕ್ಯಾಸೆಟ್ ತಿಂಗಳೊಳಗೆ ಬಾಯಿಪಾಠವಾಗಿ, ಬೇರೇನೂ ಸಿಗದೆ ತಮ್ಮನ ಡಬ್ಬಿಗೆ ಕೈ ಹಾಕಿದೆ. ಮೊದಲನೆಯ ದಿನ ತಲೆನೋವು ಬಂತು. ಮೂರನೆಯ ದಿನ, ಹಾರ್ಬರ್ ಲೈನಿನ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಯಾರದೋ ಮೊಣಕೈ ನನ್ನ ಪಕ್ಕೆಗೆ, ಯಾರದೋ ಟಿಫಿನ್ ಡಬ್ಬ ನನ್ನ ಬೆನ್ನಿಗೆ ಒತ್ತಿಕೊಂಡು ನಿಂತಿದ್ದಾಗ, ಕಿವಿಯೊಳಗೆ ಒಬ್ಬ ಮನುಷ್ಯ ನನ್ನ ಪರವಾಗಿ ಕಿರುಚುತ್ತಿದ್ದಾನೆ ಅನ್ನಿಸಿತು. ವಿ.ಟಿ.ಯಲ್ಲಿ ಇಳಿಯುವಾಗ ಮನಸ್ಸು ಹಗುರವಾಗಿತ್ತು. ಕಚೇರಿಯಲ್ಲಿ ಸಾಹೇಬರು ಒಂದು ಅಲ್ಪವಿರಾಮಕ್ಕಾಗಿ ಇಡೀ ಪತ್ರವನ್ನು ವಾಪಸ್ಸು ಕಳಿಸಿದಾಗ ನಾನು ಮೊದಲಿನಂತೆ ಬಾತ್‌ರೂಮಿಗೆ ಹೋಗಿ ಅಳಲಿಲ್ಲ. ಡ್ರಮ್ಮಿನ ಏಟು ನೆನೆಸಿಕೊಂಡು ಟೈಪ್ ಮಾಡಿದೆ. ನನ್ನ ಸ್ಪೀಡ್ ಹೆಚ್ಚಾಯಿತು.

ಒಂದು ಬೆಳಿಗ್ಗೆ ಪಕ್ಕದಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಮರಾಠಿ ಹೆಂಗಸು, ಯಾವ ಹಾಡು ಎಂದು ಸನ್ನೆಯಲ್ಲೇ ಕೇಳಿದಳು. ಹೆಡ್‌ಫೋನ್ ತೆಗೆದು ಅವಳ ತಲೆಗಿಟ್ಟೆ. ಎರಡು ಸ್ಟೇಷನ್ ತನಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ ಕೇಳಿದಳು. ಆಮೇಲೆ ವಾಪಸ್ಸು ಕೊಡುತ್ತಾ, “ಬಿಚಾರಾ! ಖೂಪ್ ತ್ರಾಸ್ ಆಹೇ ತ್ಯಾಲಾ,” ಎಂದಳು. ಪಾಪ, ತುಂಬಾ ಕಷ್ಟದಲ್ಲಿದ್ದಾನೆ. ಆ ಇಡೀ ವರ್ಷ ಮೆಟಲ್ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಕ್ಯಾಸೆಟ್ ಕೇಳಿ ಹೇಳಿದ್ದು ಅದೊಂದೇ.

ಅದೇ ಸುಮಾರಿಗೆ ನನ್ನನ್ನು ನೋಡಲು ಬೆಂಗಳೂರಿನಿಂದ ಒಂದು ಕುಟುಂಬ ಬಂದಿತ್ತು. ಹುಡುಗನ ತಾಯಿ, “ಸಂಗೀತ ಬರುತ್ತೇನಮ್ಮ?” ಎಂದು ಕೇಳಿದರು. “ಬರಲ್ಲ, ಕೇಳ್ತೀನಿ,” ಎಂದೆ. ಯಾರದು ಎಂದು ಅವರು ಮುಂದುವರಿಸುವ ಮೊದಲೇ ಅಮ್ಮ ಕೇಸರಿಬಾತಿನ ತಟ್ಟೆಯನ್ನು ನಮ್ಮಿಬ್ಬರ ನಡುವೆ ತಂದಿಟ್ಟಳು.

ನನಗೆ ಬಹಳ ಹಿಡಿಸಿದ್ದು ಗಂಟೆಗೋಪುರ. ಅದರ ಎರಡನೇ ಬದಿಯಲ್ಲಿ ಒಂದು ನಿಧಾನದ ಹಾಡಿತ್ತು. ಹಾಡುವವನು ಅಪ್ಪ ಕಡುಕೋಪ ಬಂದಾಗ ಮಾತಾಡುವಂತೆ ತೀರ ತಗ್ಗಿದ ದನಿಯಲ್ಲಿ ಶುರುಮಾಡಿ, ಕೊನೆಯ ಒಂದು ನಿಮಿಷ ಮಾತ್ರ ಬಾಯಿಬಿಟ್ಟು ಕೂಗುತ್ತಿದ್ದ. ರೀ ರೋಡ್ ಸ್ಟೇಷನ್ ಬರುವ ಹೊತ್ತಿಗೆ ಆ ಕೂಗು ಬರುವಂತೆ ಲೆಕ್ಕ ಹಾಕಿ ಬಟನ್ ಒತ್ತುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ.

ಸಭೆ ಮೂರು ಭಾನುವಾರ ನಡೆಯಿತು. ಕ್ಯಾಸೆಟ್ ಹಾಕಿ ಕೇಳಿದ್ದು ಬಹಳ ಕಡಿಮೆ. ಅಪ್ಪ ಮಧ್ಯಾಹ್ನ ಮಲಗುತ್ತಿದ್ದರು. ತೀರ್ಪಿಗೆಲ್ಲ ಆಧಾರವೆಂದರೆ, ಅಧ್ಯಕ್ಷ ಫೋರ್ಟಿನ ಫುಟ್‌ಪಾತಿನಲ್ಲಿ ಕೊಂಡುತಂದಿದ್ದ ಒಂದು ಹಳೆಯ ವಿಲಾಯತಿ ಪತ್ರಿಕೆ. ಅದರಲ್ಲಿ ಎರಡು ತಲೆಯ ತೋಳದ ಚಿತ್ರವಿದ್ದ ಆಲ್ಬಮ್ಮಿಗೆ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದರು. ಆ ಕ್ಯಾಸೆಟ್ ಇನ್ನೂ ಬಂದಿರಲಿಲ್ಲ. ಮಸ್ಕತ್ತಿನಿಂದ ಮುಂದೆ ಬರುವವರ ಕೈಲಿ ಕಳಿಸುವುದಾಗಿ ಮಾವ ಬರೆದಿದ್ದರಷ್ಟೆ. ಅದಕ್ಕೆ ಸರ್ವಾನುಮತದಿಂದ ಮೊದಲ ಸ್ಥಾನ ಸಿಕ್ಕಿತು.

“ಕೇಳದೇ?” ಎಂದೆ ನಾನು.

“ಕೆಲವನ್ನ ಕೇಳ್ಬೇಕಾಗಿಲ್ಲ,” ಎಂದ ಅಧ್ಯಕ್ಷ. “ಗೊತ್ತಾಗುತ್ತೆ.”

ಗಂಟೆಗೋಪುರ ಏಳನೆಯದಾಯಿತು. ಅದರಲ್ಲಿ ಮೆಲೊಡಿ ಜಾಸ್ತಿ ಇದೆ ಎಂಬ ಆರೋಪವಿತ್ತು. ಜೋಗೇಶ್ವರಿಯವನು, “ಅದರ ಬಗ್ಗೆ ಒಂದ್ ಮಾತ್ ಐತಿ…” ಎಂದು ಶುರುಮಾಡಿದ. “ಹೋಗ್ಲಿ ಯಾರ್, ಸಾತ್ ನಂಬರ್ ಪಕ್ಕಾ,” ಎಂದು ತಮ್ಮ ಅವನ ಬೆನ್ನು ತಟ್ಟಿ ಸುಮ್ಮನಾಗಿಸಿದ.

ಪ್ರತಿಯೊಂದು ಆಲ್ಬಮ್ಮಿನ ಕೆಳಗೂ ಎರಡೆರಡು ಸಾಲಿನ ಟಿಪ್ಪಣಿ ಇರಬೇಕಿತ್ತು. ಅಧ್ಯಕ್ಷ ಅವನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದ, ಜೋಗೇಶ್ವರಿಯವನು ತನ್ನ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡ. ಮೊದಲ ಸ್ಥಾನದ ಟಿಪ್ಪಣಿ ಹೀಗಿತ್ತು: ಈ ದಶಕದ ಮೈಲಿಗಲ್ಲು, ಗಿಟಾರಿನಲ್ಲಿ ರಾಜಿಯಿಲ್ಲ, ದುರ್ಬಲ ಮನಸ್ಸಿನವರು ದೂರವಿರಿ. ಕಚೇರಿಯಲ್ಲಿ ಸ್ಟೆನ್ಸಿಲ್ ಮೇಲೆ ಟೈಪ್ ಮಾಡಿ ಸೈಕ್ಲೊಸ್ಟೈಲ್ ಪ್ರತಿ ತೆಗೆಸಿಕೊಡುವ ಕೆಲಸ ನನಗೆ ಬಿತ್ತು.

“ಸ್ಪೆಲಿಂಗ್ ಮಿಸ್ಟೇಕ್ ಮಾತ್ರ ಮಾಡ್ಬೇಡ ಹಾಂ, ಅಕ್ಕಾ,” ಎಂದ ತಮ್ಮ. ಮನೆಯಲ್ಲಿ ಅವನ ಕಾಲೇಜಿನ ಅರ್ಜಿಗಳನ್ನೆಲ್ಲ ತಿದ್ದುತ್ತಿದ್ದವಳು ನಾನು.

ಆ ದಿನ ಕಚೇರಿಯಲ್ಲಿ ಒಂದೇ ಪತ್ರ ಮೂರು ಸಲ ವಾಪಸ್ಸು ಬಂದಿತ್ತು. ಊಟದ ಹೊತ್ತಿನಲ್ಲಿ, ಮೂಡ್ ಸರಿಯಿಲ್ಲದೆ, ಸ್ಟೆನ್ಸಿಲ್ ಏರಿಸಿ ಪಟ್ಟಿ ಮುಂದಿಟ್ಟುಕೊಂಡೆ. ಮೊದಲ ಸ್ಥಾನದ ಸಾಲಿಗೆ ಬಂದಾಗ ಬೆರಳು ನಿಂತಿತು. ಊರಿಗೇ ಬಾರದ ತೋಳ ಒಂದನೆಯದು! ನಾನು ಇಪ್ಪತ್ತು ಸಲ ಕೇಳಿದ ಗಂಟೆಗೋಪುರ ಏಳನೆಯದು! ಅತ್ತಿತ್ತ ನೋಡಿದೆ. ಒಂದನೆಯ ಜಾಗದಲ್ಲಿ ಗಂಟೆಗೋಪುರದ ಹೆಸರು ಹೊಡೆದೆ. ಏಳರಲ್ಲಿ ತೋಳ. ಟಿಪ್ಪಣಿಗಳನ್ನು ಇದ್ದಲ್ಲೇ ಬಿಟ್ಟೆ. ಕೇಳದೆ ಬರೆದ ಹೊಗಳಿಕೆಯಾದ್ದರಿಂದ ಒಂದಕ್ಷರವನ್ನೂ ಬದಲಿಸುವ ಅಗತ್ಯ ಬೀಳಲಿಲ್ಲ.

ಹಿಂದಿನಿಂದ ಬಂದ ಹೆಡ್ ಕ್ಲಾರ್ಕ್ ಕನ್ನಡಕ ಏರಿಸಿ ಸ್ಟೆನ್ಸಿಲ್ ಓದತೊಡಗಿದರು. ಹತ್ತು ಹೆಸರಿನಲ್ಲಿ ನಾಲ್ಕರಲ್ಲಿ ಸಾವು, ಎರಡರಲ್ಲಿ ಸಮಾಧಿ ಇತ್ತು.

“ಡೆತ್ ಕ್ಲೇಮ್‌ಚೀ ಯಾದೀ ಆಹೇ ಕಾ?” ಎಂದರು. ಸಾವಿನ ಕ್ಲೇಮುಗಳ ಪಟ್ಟಿಯೇ?

“ಹೋ, ಸಾಹೇಬ್,” ಎಂದೆ.

“ಬೇಗ ಕಳಿಸಿ. ಪಾಪ, ಮನೆಯವರು ಕಾಯ್ತಿರ್ತಾರೆ,” ಎಂದು ಮರಾಠಿಯಲ್ಲೇ ಹೇಳಿ, ಸೈಕ್ಲೊಸ್ಟೈಲ್ ಮೆಷೀನನ್ನು ಮೊದಲು ನನಗೆ ಬಿಟ್ಟುಕೊಡಿಸಿದರು.

ಉತ್ಸವದ ಬೆಳಿಗ್ಗೆ ಪ್ರತಿಗಳ ಕಟ್ಟನ್ನು ಬಿಚ್ಚದೆ ತಮ್ಮ ಎತ್ತಿಕೊಂಡು ಹೋದ. ನಾನು ಮೂರು ದಿನ ಬೈಗುಳಕ್ಕೆ ಕಾದೆ. ಬರಲಿಲ್ಲ. ತಮ್ಮ ನನ್ನೊಂದಿಗೆ ಎಂದಿನಂತೆಯೇ ಇದ್ದ; ಮೇಲಿನ ಮಹಡಿಯವನ ಹೆಸರೆತ್ತಿದರೆ ಮಾತ್ರ ಮುಖ ಗಂಟಿಕ್ಕುತ್ತಿದ್ದ. ಕೊನೆಗೆ ನಾನೇ ಮೆಲ್ಲಗೆ ಕೆದಕಿದೆ. “ಅವ್ನು ಎರಡು ವೋಟ್ ಅಂತ ನಂಗೆ ಹೇಳ್ದೇನೇ ನಂಬರ್ ಬದಲಾಯಿಸಿದ್ದಾನೆ. ಜಾನೇ ದೇ,” ಎಂದ.

ಭಾನುವಾರ ಮೂವರೂ ಬಂದರು. ಅಧ್ಯಕ್ಷನ ಮುಖದಲ್ಲಿ ಕಳೆಯಿತ್ತು. ಉತ್ಸವದಲ್ಲಿ ಬಾಂದ್ರಾ ಕಡೆಯ ಕಾಲೇಜಿನ ಒಬ್ಬ ಉದ್ದಗೂದಲಿನ ಗಿಟಾರಿಸ್ಟ್ ಅವನ ಕೈ ಕುಲುಕಿ, ಎಲ್ಲರೂ ತೋಳ ತೋಳ ಅನ್ನುತ್ತಿರುವಾಗ ಇದನ್ನು ಮೊದಲಿಗಿಡಲು ಧೈರ್ಯ ಬೇಕು ಎಂದಿದ್ದನಂತೆ. ತಮ್ಮ ಮತ್ತು ಜೋಗೇಶ್ವರಿಯವನು ಸೇರಿಕೊಂಡು ತನ್ನ ಬೆನ್ನ ಹಿಂದೆ ಪಟ್ಟಿ ತಿರುಚಿದ್ದಾರೆಂದು ಅಲ್ಲಿಯವರೆಗೆ ಕುದಿಯುತ್ತಿದ್ದವನು, ಕೈ ಕುಲುಕಿದ ಕ್ಷಣದಿಂದ ಅದು ತನ್ನದೇ ತೀರ್ಮಾನವೆಂದು ಒಪ್ಪಿಕೊಂಡಿದ್ದ.

“ನಾನು ಸುಮ್‌ಸುಮ್ನೆ ಇಡ್ಲಿಲ್ಲ ಅದನ್ನ ಒಂದನೇ ಸ್ಥಾನಕ್ಕೆ,” ಎಂದು ಕಾಫಿ ಲೋಟ ಎತ್ತಿದ. “ಮೊದಲನೇ ಸಲ ಕೇಳಿದಾಗ ಮೆಲೊಡಿ ಅನ್ಸುತ್ತೆ. ಆದ್ರೆ ಒಳಗಡೆ ಎಷ್ಟು ಕತ್ತಲೆ ಇದೆ ನೋಡಿ! ಎರಡನೇ ಸೈಡಿನ ಮೂರನೇ ಹಾಡು, ಆ ಡಬಲ್ ಡ್ರಮ್ಮು!”

“ಹಾಂ, ಡಬಲ್ ಡ್ರಮ್,” ಎಂದ ತಮ್ಮ. “ಮೈಂ ತೋ ಮೊದಲಿಂದ್ಲೂ ಹೇಳ್ತಿದ್ದೆ.”

ಎರಡನೇ ಬದಿಯ ಮೂರನೇ ಹಾಡಿನಲ್ಲಿ ಡ್ರಮ್ಮೇ ಇರಲಿಲ್ಲ. ಅದೇ ನನ್ನ ನಿಧಾನದ ಹಾಡು. ನಗು ತಡೆಯಲಾರದೆ ಅಡುಗೆಮನೆಗೆ ನಡೆದೆ. ಜೋಗೇಶ್ವರಿಯವನು ಮಾತ್ರ ತಲೆಯಾಡಿಸದೆ ನನ್ನ ಕಡೆಯೇ ನೋಡುತ್ತಿದ್ದ.

ಹೊರಡುವಾಗ ಅವನು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಹಿಂದುಳಿದ. ಉಳಿದಿಬ್ಬರು ಮೆಟ್ಟಿಲ ಹತ್ತಿರ ಡಬಲ್ ಡ್ರಮ್ಮಿನ ಚರ್ಚೆಯಲ್ಲಿದ್ದರು.

“ಅಕ್ಕಾರ, ಒಂದ್ ಮಾತ್ ಹೇಳಲೇನ್ರಿ?”

“ಹೇಳಪ್ಪ.”

“ಆ ಪಟ್ಟಿ ಬರದಾಂವ ನಾನ ಅದೀನ್ರಿ. ಏಳನೇದು ಒಂದನೇದು ಹೆಂಗಾತು ಅಂತ ನಂಗ ಗೊತ್ತೈತಿ.”

ಮೆಟ್ಟಿಲ ಕಡೆ ಕಣ್ಣು ಹಾಯಿಸಿದೆ. “ಅವರಿಗೆ ಹೇಳ್ತೀಯಾ?”

“ಛೇ, ಇಲ್ರಿ. ಆದ್ರ ನಿಮಗೊಂದು ಹೇಳಬೇಕು. ನಿಮ್ಮ ಮನ್ಯಾಗ ಇರೋ ಗಂಟೆಗೋಪುರ ಗಂಟೆಗೋಪುರ ಅಲ್ರಿ. ಚೀಟಿ ಅಂಟಿಸೋವಾಗ ನಂದ ತಪ್ಪಾತು. ಒಳಗಿರೋದು ಬ್ಯಾರೆ ಬ್ಯಾಂಡಿಂದು, ಎರಡು ವರ್ಷದ ಹಿಂದಿಂದು.”

“ಹಾಗಾದ್ರೆ ನಿಜವಾದ್ದು?”

“ಅದರ ಮ್ಯಾಲ ನಮ್ಮ ಅಬ್ಬಾ ಕವಾಲಿ ತುಂಬಿಸ್ಯಾರ್ರಿ. ಇದ್ದದ್ದ ಒಂದು, ಅದನ್ನ ಯಾರೂ ಕೇಳಿಲ್ಲ. ನಾನು ಹೇಳಾಕ ನಾಕ್ ಸರ್ತಿ ಬಾಯಿ ತೆಗದೆ. ಬಿಡಬೇಕಲ್ರಿ ಅವ್ರು!”

ಕೇಳದೆ ಸ್ಥಾನ ಕೊಟ್ಟವರಿಗೆ ಪಾಠ ಕಲಿಸಿದೆನೆಂದು ಮೂರು ವಾರ ಬೀಗಿದ್ದೆ. ಈಗ ನೋಡಿದರೆ, ಊರಲ್ಲಿಲ್ಲದ ಆಲ್ಬಮ್ಮನ್ನು ಇಳಿಸಿ, ಕವಾಲಿಯ ಕೆಳಗೆ ಹೂತುಹೋದ ಆಲ್ಬಮ್ಮನ್ನು ಏರಿಸಿದ್ದೆ. ನನ್ನ ನಿಧಾನದ ಹಾಡು ಆ ವರ್ಷದ್ದೇ ಅಲ್ಲ.

“ಮತ್ತೆ ಈಗೇನು ಮಾಡೋದು?” ಎಂದೆ.

“ಏನ್ ಮಾಡೋದೈತ್ರಿ? ಹಾಡು ಚಲೋ ಐತಲ್ರಿ ಅಕ್ಕಾರ?”

“ಚೆನ್ನಾಗಿದೆ.”

“ಆತಲ್ರಿ ಮತ್ತ,” ಎಂದು ಅವನು ಮೆಟ್ಟಿಲಿಳಿದ. ಮುಂದಿನ ವಾರ ಸರಿಯಾದ ಚೀಟಿ ಅಂಟಿಸಿದ ಕ್ಯಾಸೆಟ್ ತಂದು ಕೊಟ್ಟ. ಒಳಗಿನವು ಅದೇ ಹಾಡುಗಳು, ಹೊಸ ಹೆಸರು. ನನಗೇಕೋ ಒಂದು ವಾರ ಅದನ್ನು ಕೇಳಲು ಮುಜುಗರವಾಯಿತು, ಆಮೇಲೆ ಮತ್ತೆ ಕೇಳತೊಡಗಿದೆ.

ಮರುವರ್ಷ ಪಟ್ಟಿಗೆ ಹೆಸರು ಬಂದುಬಿಟ್ಟಿತ್ತು. ಉತ್ಸವಕ್ಕೆ ಮೊದಲೇ ಪ್ರತಿ ಸಿಗುತ್ತದೆಯೇ ಎಂದು ಬೇರೆ ಕಾಲೇಜುಗಳವರು ಕೇಳುತ್ತಿದ್ದರಂತೆ. ಸಮಿತಿಯಲ್ಲಿ ಟೈಪಿಸ್ಟಿಗೂ ಒಂದು ವೋಟು ಇರಬೇಕೆಂದು ಸೂಚಿಸಿದವನು ಜೋಗೇಶ್ವರಿಯವನು. ಅಚ್ಚರಿಯೆಂದರೆ ಅವನು ವಾಕ್ಯ ಮುಗಿಸುವ ತನಕ ಉಳಿದವರು ಕೇಳಿದರು. ನಾನು ಕಾಫಿಯನ್ನು ಅಮ್ಮನಿಗೆ ವಹಿಸಿ, ಕುರ್ಚಿ ಎಳೆದುಕೊಂಡು ನಡುವೆ ಕುಳಿತೆ. ಹಿಂದಿನ ರಾತ್ರಿಯೇ ಸೀರೆ ಇಸ್ತ್ರಿ ಮಾಡಿಟ್ಟಿದ್ದೆ.

ಅಧ್ಯಕ್ಷ ಒಂದು ಹೊಸ ಆಲ್ಬಮ್ಮಿನ ಹೆಸರು ಹೇಳಿ, “ಅಕ್ಕ, ನಿಮ್ಮ ಅಭಿಪ್ರಾಯ?” ಎಂದ. ಬಹುವಚನ! ಆ ಆಲ್ಬಮ್ಮನ್ನು ನಾನು ಕೇಳಿರಲಿಲ್ಲ. ಕೇಳಿಲ್ಲ ಎಂದು ಹೇಳಲು ಬಾಯಿ ತೆರೆದೆ. ಮೂರು ಮುಖಗಳೂ ನನ್ನನ್ನೇ ನೋಡುತ್ತಿದ್ದವು.

“ಮೊದಲಿನಷ್ಟು ಆಳ ಇಲ್ಲ ಅನ್ಸುತ್ತೆ,” ಎಂದೆ.

“ಎಕ್ಸಾಕ್ಟ್ಲಿ!” ಎಂದು ಅಧ್ಯಕ್ಷ ಬರೆದುಕೊಂಡ. ತಮ್ಮ ಗಂಭೀರವಾಗಿ ತಲೆದೂಗಿದ. ಜೋಗೇಶ್ವರಿಯವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು, ನೀರು ಕುಡಿಯಲು ಎದ್ದು ಹೋದ.

ಅದಕ್ಕೆ ಒಂಬತ್ತನೆಯ ಸ್ಥಾನ ಸಿಕ್ಕಿತು. ಸ್ಟೆನ್ಸಿಲ್ ಹೊಡೆಯುವಾಗ ಆ ಸಲ ನಾನು ಏನನ್ನೂ ಬದಲಿಸಲಿಲ್ಲ. ಎರಡು ತಿಂಗಳಾದ ಮೇಲೆ ಆ ಕ್ಯಾಸೆಟ್ ಕೈಗೆ ಸಿಕ್ಕಿ, ಲೋಕಲ್ಲಿನಲ್ಲಿ ಕೇಳಿದೆ. ಬಹಳ ಚೆನ್ನಾಗಿತ್ತು. ಯಾರಿಗೂ ಹೇಳಲಿಲ್ಲ.