ನಡೆದು ನೋಡದ ನೆಲ

ಅಚ್ಚುಕಟ್ಟಿಲ್ಲದ್ದನ್ನು ಕಂಡರೆ ನನಗೆ ಆಗದು. ಬೈಲಹೊಂಗಲದ ಕಾಲೇಜಿನಲ್ಲಿ ಗಣಿತ ಕಲಿಸುವವಳು ನಾನು. ಉತ್ತರ ಸರಿಯಿದ್ದರೂ ಗೆರೆ ಸೊಟ್ಟಗಿದ್ದರೆ ಅರ್ಧ ಅಂಕ ಕತ್ತರಿಸುತ್ತೇನೆ. ಹುಡುಗರು ಬೆನ್ನ ಹಿಂದೆ ನನಗೆ ಏನು ಹೆಸರಿಟ್ಟಿದ್ದಾರೆಂದು ಗೊತ್ತಿದೆ, ಇಲ್ಲಿ ಬರೆಯುವುದಿಲ್ಲ. ನನ್ನ ಈ ಚಟವೇ ನಮ್ಮ ನಾಯಿಯ ಕಾಲು ಮುರಿಯಿತು. ಜೊತೆಗೆ ಇನ್ನೊಂದನ್ನೂ ಮುರಿಯಿತು. ಅದು ನನಗೆ ತಿಳಿಯಲು ಎರಡು ತಿಂಗಳು ಬೇಕಾಯಿತು.

ನಮ್ಮದು ಜರ್ಮನ್ ಶೆಫರ್ಡ್ ಹೆಣ್ಣು ನಾಯಿ. ಪಂಚಾಂಗ, ಪೌರೋಹಿತ್ಯದ ಮನೆಗೆ ನಾಯಿ ತಂದಳೆಂದು ನಮ್ಮ ಮಾವನವರು ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು. ಅವಳನ್ನು ಕಾವಲು ನಾಯಿಗಳ ಪಂದ್ಯಕ್ಕೆ ತಯಾರು ಮಾಡುತ್ತಿದ್ದವರು ಕಟಕೋಳ ಊರಿನವರೊಬ್ಬರು. ಫೌಜಿನಲ್ಲಿ ನಾಯಿಗಳನ್ನು ಪಳಗಿಸಿ, ನಿವೃತ್ತರಾಗಿ ಊರಿಗೆ ಬಂದು ಒಕ್ಕಲುತನ ಹಿಡಿದವರು. ಎಲ್ಲರೂ ಅವರನ್ನು ಮಾಸ್ತರ ಎಂದೇ ಕರೆಯುತ್ತಿದ್ದೆವು. ಆಟ ಹೀಗೆ: ಮಾಸ್ತರರು ಬಲಗೈಗೆ ಗೋಣಿತಟ್ಟಿನ ದಪ್ಪ ತೋಳು ಹಾಕಿಕೊಂಡು ದೂರ ನಿಲ್ಲುತ್ತಾರೆ. ನಾನು 'ಹಿಡಿ' ಎಂದರೆ ನಾಯಿ ಓಡಿಹೋಗಿ ಆ ತೋಳನ್ನು ಕಚ್ಚಿ ಹಿಡಿಯಬೇಕು, 'ಬಿಡು' ಎಂದರೆ ಬಿಡಬೇಕು. ನೋಡುವವರಿಗೆ ಅಪಾಯವೆಲ್ಲ ಮನುಷ್ಯನಿಗೆ ಅನ್ನಿಸುತ್ತದೆ. ನಿಜವಾದ ಅಪಾಯ ನಾಯಿಗೆ. ಅದು ಬಂದು ಹಿಡಿದ ಕ್ಷಣ ತೋಳಿನವರು ಅದರ ವೇಗದ ಜೊತೆಗೇ ತಿರುಗಬೇಕು. ಗೋಡೆಯ ಹಾಗೆ ನಿಂತರೆ ಅದರ ಕುತ್ತಿಗೆ, ಹೆಗಲು, ಬೆನ್ನೆಲುಬು ಯಾವುದಕ್ಕೂ ಭರವಸೆಯಿಲ್ಲ. ಮಾಸ್ತರರು ತೊಟ್ಟಿಲು ತೂಗಿದಷ್ಟು ಮೆತ್ತಗೆ ತಿರುಗುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ನಾಯಿ ಬಿಡುವ ಮುಂಚೆ ಚಪ್ಪಲಿ ಕಳಚಿ, ಬರಿಗಾಲಿನಲ್ಲಿ ನೆಲವನ್ನೆಲ್ಲ ನಡೆದು ನೋಡುತ್ತಿದ್ದರು. ಕಲ್ಲು, ಮುಳ್ಳು, ಕೂಳೆ, ತಗ್ಗು. ನಾನು ಗಡಿಯಾರ ನೋಡಿಕೊಂಡರೆ ನಗುತ್ತಿದ್ದರು.

"ನಾಯಿ ನೆಲಾ ನೋಡಾಂಗಿಲ್ರಿ ಅಕ್ಕಾರ. ಅದು ನನ್ನ ತೋಳ ಅಷ್ಟ ನೋಡತೈತಿ. ನೆಲಾ ನಾವು ನೋಡಬೇಕು."

ಬೇಸಿಗೆಯ ಒಂದು ರವಿವಾರ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ನಾಯಿ ಸಾಕಿದವರು ಕೆಲವರು ನಮ್ಮ ಆಟ ನೋಡಲು ಬರುವವರಿದ್ದರು. ನಾವು ಆಡಿಸುತ್ತಿದ್ದುದು ಊರ ಹೊರಗೆ, ಕಡಲೆ ಕಿತ್ತು ಮುಗಿದ ಎರೆಹೊಲದಲ್ಲಿ. ಎರೆ ಮಣ್ಣು ಬಿಸಿಲಿಗೆ ಸೀಳುತ್ತದೆ. ಕೆಲವು ಬಿರುಕುಗಳಲ್ಲಿ ಮೊಣಕೈವರೆಗೆ ಕೈ ಇಳಿಯುತ್ತದೆ. ಬಿರುಕಿಲ್ಲದ ಒಂದು ಮೂಲೆ ನೋಡಿಕೊಂಡು ಅಲ್ಲಿ ಮಾತ್ರ ನಾಯಿ ಬಿಡುತ್ತಿದ್ದೆವು. ಬಂದವರಿಗೆ ಆ ಹರಕು ನೆಲ ತೋರಿಸುವುದು ನನಗೆ ಅವಮಾನ ಅನ್ನಿಸಿತು. ಹೊಲದವರಿಗೆ ಹೇಳಿ ಇಡೀ ಹೊಲಕ್ಕೆ ಕುಂಟೆ ಹೊಡೆಸಿ ಮೇಲ್ಮಣ್ಣು ಸಮ ಮಾಡಿಸಿದೆ.

ಹೊಲದವರು ಎಚ್ಚರಿಸಿದ್ದರು. "ಕುಂಟಿ ಹೊಡದ್ರ ಬಿರುಕ ಮುಚ್ಚಾಂಗಿಲ್ರಿ ಅಕ್ಕಾರ, ಮ್ಯಾಲಿಂದಷ್ಟ ಮುಚ್ಚತೈತಿ. ಒಳಗ ಪೊಳ್ಳ ಹಂಗ ಇರತೈತಿ. ಮಳಿ ಆಗೂತನ ನಾಯಿ ಓಡಸಬ್ಯಾಡ್ರಿ."

ಹೂಂ ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಲ ಆಗಷ್ಟೇ ಒರೆಸಿದ ಕಪ್ಪು ಹಲಗೆಯ ಹಾಗೆ ಕಾಣುತ್ತಿತ್ತು, ನನಗೆ ಅಷ್ಟು ಸಾಕಾಗಿತ್ತು. ಮೇಲೆ ಬಸಪ್ಪ, ಒಳಗೆ ವಿಷಪ್ಪ ಎಂಬ ಮಾತು ಮನುಷ್ಯರಿಗೆ ಮಾತ್ರ ಎಂದುಕೊಂಡಿದ್ದೆ.

ಆ ರವಿವಾರ ಮಾಸ್ತರರ ಬಸ್ಸು ತಡವಾಯಿತು. ಬಂದವರ ಅವಲಕ್ಕಿ, ಚಹಾ ಎಲ್ಲ ಮುಗಿದು ಅವರು ಬದುವಿನ ಮೇಲೆ ಸಾಲಾಗಿ ಕಾಯುತ್ತ ನಿಂತಿದ್ದರು. ಮಾಸ್ತರರು ಬಂದವರೇ ಚಪ್ಪಲಿ ಬಿಚ್ಚಲು ಬಗ್ಗಿದರು.

"ಬಿಡ್ರಿ ಮಾಸ್ತರ, ಬಿಸಲ ಏರಲಿಕ್ಕೆ ಹತ್ತೇದ. ನಾ ನಡದು ನೋಡೇನಿ," ಅಂದೆ.

ಅವರು ಬಗ್ಗಿದಲ್ಲಿಂದಲೇ ತಲೆಯೆತ್ತಿದರು. "ಪೂರಾ ನಡದೀರ್ರಿ?"

"ಪೂರಾ."

ನಡೆದಿರಲಿಲ್ಲ. ಬದುವಿನ ಮೇಲೆ ನಿಂತು ನೋಡಿ ಹೆಮ್ಮೆಪಟ್ಟಿದ್ದೆ, ಅಷ್ಟೇ. ಅವರು ನನ್ನ ಮಾತು ನಂಬಿ ಚಪ್ಪಲಿಯ ಪಟ್ಟಿ ಮತ್ತೆ ಬಿಗಿದುಕೊಂಡು, ತೋಳು ಹಾಕಿಕೊಂಡು ಹೊಲದ ನಡುವೆ ಹೋಗಿ ನಿಂತರು.

ನಾನು 'ಹಿಡಿ' ಅಂದೆ. ಅರವತ್ತು ಹೆಜ್ಜೆಯ ಓಟ. ತೋಳಿಗೆ ಇನ್ನೊಂದೇ ನೆಗೆತ ಇರುವಾಗ ಅವಳ ಮುಂದಿನ ಬಲಗಾಲು ಮಣ್ಣಿನೊಳಗೆ ಇಳಿಯಿತು. ನಾನಿದ್ದ ಕಡೆಯಿಂದ ಅದು ಸ್ಪಷ್ಟವಾಗಿ ಕಂಡಿತು. ಬದುವಿನಲ್ಲಿದ್ದವರಿಗೆ ಕಂಡಿದ್ದು ಧೂಳು ಮಾತ್ರ. ಓಡಿ ಬಂದ ರಭಸಕ್ಕೆ ಅವಳು ಹಾಗೇ ಹಾರಿ ತೋಳನ್ನು ಬಾಯಿ ತುಂಬ ಹಿಡಿದಳು. ಕುಂಯ್ ಅನ್ನಲಿಲ್ಲ. ಬಾಲ ಅಲ್ಲಾಡುತ್ತಲೇ ಇತ್ತು. ಜನ ಚಪ್ಪಾಳೆ ತಟ್ಟಿದರು.

'ಬಿಡು' ಅಂದೆ. ಬಿಟ್ಟು ನನ್ನ ಕಡೆ ಮೂರು ಕಾಲಿನಲ್ಲಿ ಬಂದಳು. ನಾಲ್ಕನೆಯದು ಜೋತಾಡುತ್ತಿತ್ತು.

"ಮಾಸ್ತರ, ತಿರುಗೂದು ತಡಾ ಆತಲ್ರಿ," ಎಂದರು ಸವದತ್ತಿಯಿಂದ ಬಂದವರೊಬ್ಬರು.

ಮಾಸ್ತರರು ತಮ್ಮ ಕೈಯನ್ನೇ ನೋಡುತ್ತಿದ್ದರು. "ಹೌದ್ರಿ. ನನ್ನ ಕಡಿಂದ ತಪ್ಪಾತು."

ಬಿರುಕಿನ ಮಾತೆತ್ತದೆ ನಾನು ಅವಳನ್ನು ಕಾರಿಗೆ ಸಾಗಿಸಿದೆ. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಅದನ್ನೆಲ್ಲ ಹೇಳುವುದೆಲ್ಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಧಾರವಾಡದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮುಂಗಾಲಿನ ಎರಡೂ ಎಲುಬು ಮುರಿದಿದ್ದವು, ಒಳಗೆ ಲೋಹದ ಪಟ್ಟಿ ಕೂಡಿಸಿದರು. ಎಂಟು ವಾರ ಓಡುವಂತಿಲ್ಲ, ಜಿಗಿಯುವಂತಿಲ್ಲ, ಮೆಟ್ಟಿಲು ಹತ್ತುವಂತಿಲ್ಲ. ಡಾಕ್ಟರು ಕೊನೆಗೆ ಹೇಳಿದ ಮಾತು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು. "ಕುಂಟೂತನ ಚಿಂತಿ ಇಲ್ರಿ. ಕುಂಟೂದು ಬಿಟ್ಟಾಗ ಹೆದರ್ರಿ. ಅಕಿಗೆ ಆರಾಮ ಅನಸತದ, ಒಳಗ ಎಲುಬು ಇನ್ನೂ ಕೂಡಿರೂದಿಲ್ಲ."

"ಎಂಟು ವಾರ ಅಂದ್ರ ನಾಕು ಪಕ್ಷ, ಸ್ವಾಮಿಗಳು ಪಕ್ಷಾನ ಮಾಸಾ ಅಂತ ಹಿಡದು ಒಂದ ಊರಾಗ ಕೂಡೂ ಚಾತುರ್ಮಾಸದಷ್ಟ ಆತು. ಇಕಿನೂ ಕೂಡ್ಲಿ ಒಂದ ಕಡೆ," ಎಂದ ಮಾವನವರು ತಮ್ಮ ಸಣ್ಣ ಕೋಣೆಯನ್ನೇ ಬಿಟ್ಟುಕೊಟ್ಟರು. ನುಣುಪು ಫರಸಿಕಲ್ಲಿನ ನೆಲದ ಮೇಲೆ ಕಾಲು ಜಾರದಂತೆ ಜಮಖಾನೆ ಹಾಸಿದೆವು. ಮನೆಯವರು ಗೋಣಿತಟ್ಟು ತಂದರೆ ಗದರಿಸಿ ಕಳಿಸಿದೆ. ಅದರ ವಾಸನೆ ಬಂತೆಂದರೆ ಅವಳ ಪಾಲಿಗೆ ಆಟ ಶುರುವಾದಂತೆ.

ಮೂರನೆಯ ವಾರ ಅವಳು ಕುಂಟುವುದು ನಿಂತಿತು. ಅಲ್ಲಿಂದ ನನಗೆ ನೆಮ್ಮದಿಯಿಲ್ಲ. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ನೆಲದ ಮೇಲೆ ಕೂತೇ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕಿಟಕಿಯಲ್ಲಿ ಅಳಿಲು ಕಂಡು ಅವಳ ಕಿವಿ ನಿಮಿರಿದರೆ ಹಗ್ಗವನ್ನು ಇನ್ನೊಂದು ಸುತ್ತು ಬಿಗಿಯುತ್ತಿದ್ದೆ. ಅಷ್ಟರಲ್ಲಿ ಕಿತ್ತೂರಿನಿಂದ ಫೋನು ಬಂತು. "ಮಾಸ್ತರಿಗೆ ವಯಸ್ಸಾತೇನ್ರಿ? ನಮ್ಮ ನಾಯಿ ಅವರ ಕಡೆ ಬಿಡೂದೋ ಬ್ಯಾಡೋ?"

"ಏನೋರಿ, ನನಗ ತಿಳೀಲಿಲ್ಲ," ಅಂದೆ.

ತಿಳಿದಿತ್ತು. ಸೊಟ್ಟ ಗೆರೆಗೆ ಅರ್ಧ ಅಂಕ ಕತ್ತರಿಸುವವಳು ನನಗೆ ನಾನೇ ಪೂರ್ತಿ ಅಂಕ ಕೊಟ್ಟುಕೊಂಡೆ. ರಾಮದುರ್ಗದವರಿಗೂ ಅದೇ ಉತ್ತರ ಹೇಳಿದೆ.

ಮಳೆ ಬಿತ್ತು. ಹೊಲದವರು ದಾರಿಯಲ್ಲಿ ಸಿಕ್ಕಾಗ, ಬಿರುಕೆಲ್ಲ ಕೂಡಿರಬೇಕಲ್ಲ ಎಂದು ಕೇಳಿದೆ. ಒಳಗೊಳಗೇ ಹಗುರಾಗಿದ್ದೆ, ಯಾರಾದರೂ ಬಂದು ನೋಡಿದರೂ ಇನ್ನು ಅಲ್ಲಿ ಏನೂ ಉಳಿದಿಲ್ಲವಲ್ಲ.

"ಕೂಡ್ಯಾವ್ರಿ. ಬ್ಯಾಸಿಗಿ ಬಂದ್ರ ಮತ್ತ ಅಲ್ಲೇ ಬಾಯಿ ಬಿಡತಾವ," ಎಂದು ಅವರು ಎತ್ತು ಹೊಡೆದುಕೊಂಡು ಮುಂದೆ ಹೋದರು.

ಡಾಕ್ಟರು ಹಗ್ಗ ಹಿಡಿದು ನಡೆಸಲು ಒಪ್ಪಿಗೆ ಕೊಟ್ಟ ವಾರ ಅವಳನ್ನು ಕಾರಿನಲ್ಲಿ ಕೂಡಿಸಿಕೊಂಡು ಕಟಕೋಳಕ್ಕೆ ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಮಾಸ್ತರರು ದನದ ಕೊಟ್ಟಿಗೆಯಲ್ಲಿದ್ದರು. ಅವರನ್ನು ಕಂಡು ಅವಳು ಹಗ್ಗ ಜಗ್ಗಿದಳು. ಮೂಲೆಯಲ್ಲಿ ಎಳೆಗರು ಮಲಗಿತ್ತು, ಅದರ ಕೆಳಗೆ ಗೋಣಿತಟ್ಟು. ತಟ್ಟಿನ ಅಂಚಿಗೆ ಚರ್ಮದ ಪಟ್ಟಿ, ಮೈತುಂಬ ಹಲ್ಲಿನ ಗುರುತು. ತೋಳನ್ನು ಬಿಚ್ಚಿ ಕರುವಿಗೆ ಹಾಸಿಬಿಟ್ಟಿದ್ದರು.

ನಾನು ನೋಡುತ್ತಿದ್ದಂತೆ ಅವಳು ಅದರ ಅಂಚನ್ನು ಬಾಯಿ ತುಂಬ ಹಿಡಿದಳು. ಕರು ಅರಚುತ್ತ ಎದ್ದು ಸರಿಯಿತು. ಗಂಜಲದಿಂದ ನೆಲವೆಲ್ಲ ಜಾರುತ್ತಿತ್ತು. ಅವಳು ಕಾಲೂರಿ ಜಗ್ಗುತ್ತಿದ್ದಳು, ಪಟ್ಟಿ ಕೂಡಿಸಿದ ಕಾಲು ನಡುಗುತ್ತಿತ್ತು, ಕಣ್ಣು ಮಾಸ್ತರರ ಮೇಲೆ. ಅವರು ತಿರುಗಲಿ ಎಂದು ಕಾಯುತ್ತಿದ್ದಳು.

ಮಾಸ್ತರರು ಗೋಡೆಗೆ ಆತುಕೊಂಡರು. ಬಲಗೈಯನ್ನು ಬೆನ್ನ ಹಿಂದೆ ಮರೆಮಾಡಿದರು. "ನಾ ಮುಟ್ಟಾಂಗಿಲ್ರಿ ಅಕ್ಕಾರ. ಈ ಕೈ ನಂಬಾಕ ಬರಾಂಗಿಲ್ಲ. ನೀವ ಬಿಡಸ್ರಿ."

"ಬಿಡು," ಅಂದೆ. ಬಿಟ್ಟಳು. ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಮಾಸ್ತರ, ಅವತ್ತ ನಾ ನೆಲಾ ನಡದಿರಲಿಲ್ಲ. ಅಕಿ ಕಾಲು ಬಿರುಕಿನ್ಯಾಗ ಹೋಗಿದ್ದು ನಾ ಕಣ್ಣಾರೆ ನೋಡೇನಿ. ನಿಮ್ಮ ತೋಳ ಮುಟ್ಟೂದ್ರ ಮೊದಲ ಮುರದಿತ್ತು."

ಕರು ಮೆಲ್ಲಗೆ ಬಂದು ತಟ್ಟಿನ ಮೇಲೆ ಮತ್ತೆ ಮಲಗಿತು.

"ಪೂರಾ ಅಂದಿದ್ರಿ," ಎಂದರು ಮಾಸ್ತರರು.

"ಹೌದು. ಸುಳ್ಳು ಹೇಳಿದೆ."

ಅವರು ಬೆನ್ನ ಹಿಂದಿನ ಕೈಯನ್ನು ಮುಂದೆ ತಂದು ಬೆರಳು ಬಿಚ್ಚಿದರು, ಮಡಚಿದರು.

"ಈ ಕರಾ ಹುಟ್ಟಿದಾಗ ಸೈತ ನಾ ಈ ಕೈ ಹಚ್ಚಿಲ್ರಿ," ಎಂದರು.