ಗೋರಿಕಲ್ಲಿಗೆ ನಾನು ಕೊಟ್ಟ ವಿಳಾಸ

ಮಲೇಷ್ಯಾಕ್ಕೆ ಬಂದು ಒಂದು ವರ್ಷ ಕಳೆಯುವಷ್ಟರಲ್ಲಿ ನಾನು ಸತ್ತುಹೋದ ಒಬ್ಬ ಮನುಷ್ಯನ ಊರನ್ನೇ ಬದಲಾಯಿಸಿಬಿಟ್ಟೆ. ಬೇಕೆಂದು ಮಾಡಿದ್ದಲ್ಲ. ಪಕ್ಕದ ಮನೆಯ ಆಂಟಿ ಗೋ ಒಂದು ಸಂಜೆ ಮಾಸ್ಕ್ ಹಾಕಿಕೊಂಡು ಬಂದು, ನಮ್ಮ ಗೇಟಿನ ಕಂಬಿಗೆ ಕಿತ್ತಳೆಹಣ್ಣಿನ ಚೀಲ ನೇತುಹಾಕಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ಹೇಳಿದರು: “ಅಮೊಯ್, ಗಂಡನ ಗೋರಿಕಲ್ಲಿಗೆ ವಿಳಾಸ ಬೇಕು. ನೀನು ಆಫೀಸಲ್ಲಿ ವಿಳಾಸದ್ದೇ ಕೆಲಸ ಮಾಡೋದಲ್ವಾ, ನೋಡಿಕೊಡು ಲಾ.”

ಅಮೊಯ್ ಅಂದರೆ ಹುಡುಗಿ. ನನಗೆ ನಲವತ್ತಮೂರು. ಆಂಟಿ ಆಡುವುದು ಇಂಗ್ಲಿಷ್, ಮಲಯ್, ಚೀನೀಯರ ಹೊಕ್ಕಿಯನ್ ಮೂರನ್ನೂ ಕಲಸಿದ ಮಾತು. ನನಗೆ ತಿಳಿದಂತೆ ಕನ್ನಡಕ್ಕೆ ತಂದಿದ್ದೇನೆ. ‘ಲಾ’ ಮಾತ್ರ ಅವರದ್ದೇ. ಅದನ್ನು ತರಲು ನನ್ನಿಂದಾಗಲಿಲ್ಲ.

ಗೋರಿಗೆ ವಿಳಾಸ! ನಾನು ಶಿರ್ವದ ಕಡೆಯವಳು. ನಮ್ಮ ಇಗರ್ಜಿಯ ಹಿಂದಿನ ಸ್ಮಶಾನದಲ್ಲಿ ಕಲ್ಲಿನ ಮೇಲೆ ಒಂದು ಶಿಲುಬೆ, ಹೆಸರು, ಹುಟ್ಟಿದ್ದು, ತೀರಿಕೊಂಡದ್ದು. ಊರಿನ ಹೆಸರು ಯಾರೂ ಬರೆಸುವುದಿಲ್ಲ. ಅದೇ ಇಗರ್ಜಿಯಲ್ಲಿ ಜ್ಞಾನಸ್ನಾನವಾಗಿ ಅದರ ಹಿಂದೆಯೇ ಮಣ್ಣಾದವರಿಗೆ ಊರು ಬರೆದು ಯಾರಿಗೆ ತೋರಿಸಬೇಕು? ಇಲ್ಲಿನ ಚೀನೀಯರ ಕ್ರಮ ಬೇರೆ. ಅಪ್ಪನೋ ಮುತ್ತಜ್ಜನೋ ಚೀನಾದ ಯಾವ ಜಿಲ್ಲೆಯಿಂದ ಹೊರಟು ಹಡಗು ಹತ್ತಿದನೋ ಆ ಜಿಲ್ಲೆಯ ಹೆಸರನ್ನು ಕಲ್ಲಿನ ಮೇಲ್ಗಡೆ, ಸತ್ತವನ ಹೆಸರಿಗಿಂತ ಎತ್ತರದಲ್ಲಿ ಕೆತ್ತುತ್ತಾರೆ. ಹುಟ್ಟಿದಂದಿನಿಂದ ಚೀನಾವನ್ನೇ ನೋಡದವರಿಗೂ ಅದು ತಪ್ಪುವುದಿಲ್ಲ.

ಅಂಕಲ್ ಗೋ ಚೀನಾ ನೋಡಿದ್ದರು, ಆದರೆ ನೆನಪಿರಲಿಲ್ಲ. ಮೂರು ವರ್ಷದ ಮಗುವಾಗಿದ್ದಾಗ ಅಪ್ಪನ ಹೆಗಲ ಮೇಲೆ ಬಂದವರು. ನಾವು ಪುಚೊಂಗಿಗೆ ಬಂದು, ಸಾಲುಮನೆಗಳಲ್ಲಿ ಅವರ ಪಕ್ಕದ ಮನೆ ಹಿಡಿದದ್ದು ೨೦೨೦ರ ಜನವರಿಯಲ್ಲಿ. ಗೋಡೆ ಒಂದೇ, ಅವರು ಬೆಳಿಗ್ಗೆ ಹಚ್ಚುವ ಊದುಬತ್ತಿಯ ಹೊಗೆ ನಮ್ಮ ಅಡುಗೆಮನೆಗೂ ಬರುತ್ತಿತ್ತು. ಮಾರ್ಚಿನಲ್ಲಿ ದೇಶಕ್ಕೇ ಬೀಗ ಬಿತ್ತು. ಮನೆಗೊಬ್ಬರು ಮಾತ್ರ ಸಾಮಾನು ತರಲು ಹೋಗಬಹುದು, ಅದೂ ಹತ್ತು ಕಿಲೋಮೀಟರಿನೊಳಗೆ. ಪರಿಚಯದವರೆಂದು ಒಬ್ಬರೂ ಇಲ್ಲದ ಊರಿನಲ್ಲಿ ನನಗೆ ಸಿಕ್ಕ ಏಕೈಕ ಮನುಷ್ಯಮಾತು, ಬೇಲಿಯಾಚೆ ಕುಂಡಗಳಿಗೆ ನೀರು ಬಿಡುತ್ತಿದ್ದ ಅಂಕಲ್ ಅವರದ್ದು.

“ನೀನು ಯಾವ ಜಿಲ್ಲೆ?” ಎಂದು ಅವರು ಮೊದಲ ದಿನವೇ ಕೇಳಿದ್ದರು. ಇಂಡಿಯಾ ಎಂದರೆ ಸಾಕಾಗಲಿಲ್ಲ, ಕರ್ನಾಟಕ ಎಂದರೂ ಸಾಕಾಗಲಿಲ್ಲ. ಉಡುಪಿ ಎಂದೆ. ಅವರು ಪೈಪಿನ ನೀರಿನಿಂದ ಸಿಮೆಂಟು ನೆಲದ ಮೇಲೆ, ಅಪ್ಪನಿಂದ ಕೇಳಿದ್ದ ತಮ್ಮ ಜಿಲ್ಲೆ ಬರೆದು ತೋರಿಸಿದರು. ಹಿಂದೆ ಗುಡ್ಡಸಾಲು, ನಡುವೆ ಕೆಂಪು ಮಣ್ಣು, ಮುಂದೆ ಉಪ್ಪಿನ ಗದ್ದೆ, ಸಮುದ್ರ. ನೀರಿನಾಚೆ ಕಾಣುವಷ್ಟು ಹತ್ತಿರ ಕಿನ್ಮೆನ್ ದ್ವೀಪ. “ಟೊಂಗಾನ್,” ಎಂದರು. “ಆ ದ್ವೀಪವೂ ಮೊದಲು ಟೊಂಗಾನ್‌ದೇ. ಈಗ ಅದು ತೈವಾನಿನ ಕೈಲಿದೆ.” ನಮ್ಮ ಹಳೆಯ ದಕ್ಷಿಣ ಕೆನರಾದಿಂದ ಕಾಸರಗೋಡು ಕೇರಳಕ್ಕೆ ಹೋದದ್ದನ್ನು ನಾನು ಹೇಳಿದೆ. ಅವರು ತಲೆಯಾಡಿಸಿದರು. ಅಷ್ಟರಲ್ಲಿ ಬಿಸಿಲಿಗೆ ಜಿಲ್ಲೆ ಆರಿಹೋಗಿತ್ತು.

ಆ ವರ್ಷದ ನಡುವೆ ಅಂಕಲ್ ಹೃದಯ ನಿಂತು ತೀರಿಕೊಂಡರು. ಮಗ ಪರ್ತ್‌ನಲ್ಲಿ, ಆಸ್ಟ್ರೇಲಿಯಾ ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. ಫೋನಿನ ಪರದೆಯಲ್ಲೇ ಅವನು ಅಪ್ಪನಿಗೆ ಕೈಮುಗಿದ. ನಾನು ಬೇಲಿಯ ಈಚೆ ನಿಂತು ಅತ್ತೆ. ಊರಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಆ ಮನೆಯ ಒಲೆ ನಮ್ಮ ಕೈಯಲ್ಲಿರುತ್ತಿತ್ತು, ಬಂದವರಿಗೆ ಚಹಾ ಕಾಯಿಸುತ್ತಿದ್ದೆವು. ಇಲ್ಲಿ ನೀರುದೋಸೆ ಮಾಡಿ ಗೇಟಿಗೆ ನೇತುಹಾಕಿ ಬಂದೆ, ಅಷ್ಟೇ.

ಕಲ್ಲು ನಿಲ್ಲಿಸುವುದು ಮರುವರ್ಷದ ಚಿಂಗ್‌ಮಿಂಗ್ ಒಳಗೆ ಆಗಬೇಕಿತ್ತು. ಏಪ್ರಿಲ್ ಮೊದಲ ವಾರ ಗೋರಿ ಗುಡಿಸಿ ಹಿರಿಯರಿಗೆ ಎಡೆ ಇಡುವ ದಿನ ಅದು, ನಮ್ಮ ನವೆಂಬರಿನ ಸತ್ತವರ ದಿನದ ಹಾಗೆ. ಆಂಟಿಗೆ ಚೀನೀ ಅಕ್ಷರ ಓದಲು ಬರುವುದಿಲ್ಲ. ಚಿಕ್ಕಂದಿನಲ್ಲೇ ಮರದ ಬಟ್ಟಲು ಹಿಡಿದು ಗಣಿಯ ನೀರಿನಲ್ಲಿ ತವರದ ಅದಿರು ಜಾಲಿಸಲು ಹೋದವರು. ಹಾಗಾಗಿ ಕಿತ್ತಳೆಯ ಜೊತೆ ಒಂದು ಹಳೆಯ ಲಕೋಟೆಯನ್ನೂ ಕೊಟ್ಟರು. ಅಂಕಲ್ ಅವರ ದಾಯಾದಿಯೊಬ್ಬ ಎಂದೋ ಬರೆದದ್ದು, ಹಿಂಬದಿಯಲ್ಲಿ ಹಳ್ಳಿಯ ಹೆಸರು.

ನನ್ನ ಕೆಲಸ ಸರಕು ಸಾಗಣೆ ಕಂಪನಿಯೊಂದರ ಪೆಟಾಲಿಂಗ್ ಜಯಾ ಆಫೀಸಿನಲ್ಲಿ. ಚೀನಾದಿಂದ ಬರುವ ಕಂಟೇನರುಗಳ ಕಾಗದದಲ್ಲಿ ಕಳುಹಿಸಿದವರ ವಿಳಾಸ ಸರಿಯಿದೆಯೇ ಎಂದು ತಾಳೆ ನೋಡುವುದು: ಪ್ರಾಂತ್ಯ, ನಗರ, ಜಿಲ್ಲೆ, ಪಟ್ಟಣ, ಹಳ್ಳಿ. ಅಕ್ಷರ ನನಗೂ ಬಾರದು, ಕಂಪ್ಯೂಟರ್ ಓದಿ ಹೇಳುತ್ತದೆ. ಹಳೆಯ ಹೆಸರು ಕಂಡರೆ ಹೊಸದಕ್ಕೆ ತಿದ್ದಬೇಕು. ತಿದ್ದದಿದ್ದರೆ ಸರಕು ಬಂದರಿನಲ್ಲೇ ಕೊಳೆಯುತ್ತದೆ. ಲಾಕ್‌ಡೌನ್ ದಿನಗಳಲ್ಲಿ ಊಟದ ಮೇಜಿನ ಮೇಲೆ ಇದನ್ನೇ ಮಾಡುತ್ತಿದ್ದೆ. ಮಗಳು ರಿಯಾ ಎದುರಿಗೆ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಳು.

ಅರ್ಧ ಗಂಟೆಯಲ್ಲಿ ಹಳ್ಳಿ ಸಿಕ್ಕಿತು. ಗುಡ್ಡ, ಕಡಲು, ಎದುರಿಗೆ ದ್ವೀಪ, ಎಲ್ಲ ಅಂಕಲ್ ನೀರಿನಲ್ಲಿ ಬರೆದ ಹಾಗೆಯೇ. ಆದರೆ ಜಿಲ್ಲೆ ಬೇರೆ. ಸಾವಿರ ವರ್ಷಕ್ಕೂ ಹಳೆಯ ಟೊಂಗಾನ್ ಈಗ ಶಿಯಾಮೆನ್ ಮಹಾನಗರದ ಒಂದು ಭಾಗ. ಆ ಶಿಯಾಮೆನ್ ದ್ವೀಪವೇ ಹಿಂದೆ ಟೊಂಗಾನ್‌ನ ಒಂದು ಮೂಲೆಯಾಗಿತ್ತು. ಸಾಲದ್ದಕ್ಕೆ ೨೦೦೩ರಲ್ಲಿ ಟೊಂಗಾನ್‌ನ ಪೂರ್ವಭಾಗವನ್ನು ಕತ್ತರಿಸಿ ಶಿಯಾಂಗಾನ್ ಎಂಬ ಹೊಸ ಜಿಲ್ಲೆ ಮಾಡಿದ್ದಾರೆ. ಅಂಕಲ್ ಅವರ ಹಳ್ಳಿ ಅದಕ್ಕೆ ಸೇರಿತ್ತು. ಅವರ ಬಾಯಿಂದಲೇ ಟೊಂಗಾನ್ ಎಂದು ಕೇಳಿದ್ದವಳು ನಾನು. ಆದರೂ ಕೈ ರೂಢಿಯ ಕೆಲಸ ಮಾಡಿತು: ‘ಶಿಯಾಂಗಾನ್’ ಎಂದು ಚೀನೀ ಅಕ್ಷರದಲ್ಲಿ ತೆಗೆದು ಕಲ್ಲು ಕೆತ್ತುವವನಿಗೆ ಕಳುಹಿಸಿದೆ. ಅವನು “ಖಂಡಿತಾನಾ?” ಎಂದು ಕೇಳಿದ. “ಸರ್ಕಾರಿ ದಾಖಲೆಯ ಪ್ರಕಾರ” ಎಂದು ಬರೆದೆ. ಆ ದಿನ ನನಗೆ ಎಂಥ ಹೆಮ್ಮೆ! ಈ ದೇಶದಲ್ಲಿ ಕೊನೆಗೂ ಯಾರಿಗೋ ಉಪಯೋಗಕ್ಕೆ ಬಂದೆ ಎಂದು ಗಂಡ ವಲೇರಿಯನ್‌ಗೆ ಮೂರು ಸಲ ಹೇಳಿದೆ.

ಕೆತ್ತುವವನು ಕಲ್ಲಿನ ಬರಹದ ಮಾದರಿ ಚಿತ್ರವನ್ನು ಆಂಟಿಗೆ ಕಳುಹಿಸಿದ, ಆಂಟಿ ಓದಲಾಗದೆ ಮಗನಿಗೆ ಕಳುಹಿಸಿದರು. ಮಗ ಮೂರು ದಿನ ಬಿಟ್ಟು ಫೋನ್ ಮಾಡಿದ. ಆಂಟಿ ನಮ್ಮ ಗೇಟಿಗೆ ಬಂದಾಗ ಮಾಸ್ಕ್ ಹಾಕಲೂ ಮರೆತಿದ್ದರು.

“ಅಮೊಯ್, ಇದು ಯಾವ ಊರು? ಇದನ್ನು ಯಾರು ಕೊಟ್ಟದ್ದು?”

ನಾನು ಜಿಲ್ಲೆ ಒಡೆದ ಕಥೆ ಹೇಳಿದೆ. ಮೊಬೈಲಿನಲ್ಲಿ ನಕ್ಷೆಯನ್ನೂ ತೋರಿಸಿದೆ. ಆಂಟಿ ನಕ್ಷೆಯ ಕಡೆ ನೋಡಲಿಲ್ಲ.

“ಅವನು ಹೊರಟಾಗ ಈ ಹೆಸರು ಇತ್ತಾ?”

“ಇರಲಿಲ್ಲ ಆಂಟಿ.”

“ಇಲ್ಲದ ಊರಿಂದ ಮನುಷ್ಯ ಹೇಗೆ ಬರ್ತಾನೆ? ಆ ಸ್ಮಶಾನದ ಗುಡ್ಡದ ಮೇಲೆ ಸುತ್ತ ಎಲ್ಲ ಟೊಂಗಾನ್‌ನವರು. ಚಿಂಗ್‌ಮಿಂಗ್ ದಿನ ಅವರ ಮಕ್ಕಳು ಬರ್ತಾರೆ, ನಮ್ಮೂರಿನವನು ಅಂತ ಪಕ್ಕದ ಗೋರಿಗೂ ಒಂದು ಊದುಬತ್ತಿ ಹಚ್ಚಿ ಹೋಗ್ತಾರೆ. ನನ್ನ ಮಗನಿಗೆ ಬರೋಕಾಗಲ್ಲ. ಇವನಿಗೆ ಯಾರು ಹಚ್ಚುತ್ತಾರೆ? ಇವನು ಯಾರವನು ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?”

ನನ್ನ ಜನನಪತ್ರದಲ್ಲಿ ದಕ್ಷಿಣ ಕನ್ನಡ ಎಂದಿದೆ, ಪಾಸ್‌ಪೋರ್ಟಿನಲ್ಲಿ ಉಡುಪಿ. ಅಪ್ಪನ ಹಳೆಯ ಕಾಗದಗಳಲ್ಲಿ ಮದ್ರಾಸು ಪ್ರಾಂತ್ಯದ ದಕ್ಷಿಣ ಕೆನರಾ. ಅಪ್ಪ ಸಾಯುವ ತನಕ ಜಿಲ್ಲೆ ಎಂದರೆ ಮಂಗಳೂರು ಎಂದೇ ನಂಬಿದ್ದರು, ಉಡುಪಿ ಎಂದು ತಿದ್ದಿದರೆ ಸಿಟ್ಟಾಗುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದೂ ಬೇರೆಯವರ ಅಪ್ಪನಿಗೆ ನಾನು ಹೀಗೆ ಮಾಡಿದ್ದೆ.

ಕೆತ್ತುವವನಿಗೆ ಸಂದೇಶ ಹಾಕಿದೆ. ಟಿಕ್ ಗುರುತು ನೀಲಿಯಾಗಲಿಲ್ಲ. ಕರೆ ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಮರುದಿನ ಬೆಳಿಗ್ಗೆಯೂ ಅದೇ. ಅನ್ನ ತಳ ಹಿಡಿಯಿತು, ಆಫೀಸಿನ ಎರಡು ಕಾಗದ ತಪ್ಪಾದವು. “ಮಮ್ಮಾ, ರಿಲ್ಯಾಕ್ಸ್, ಇಟ್ಸ್ ಜಸ್ಟ್ ಎ ನೇಮ್ ಲಾ,” ಎಂದಳು ರಿಯಾ. ಕನ್ನಡದಲ್ಲಿ ಬೈದೆ. ಅವಳಿಗೆ ಅರ್ಥವಾಯಿತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬಂತು.

ಅವನ ಅಂಗಡಿ ಇದ್ದದ್ದು ಪಕ್ಕದ ಜಿಲ್ಲೆಯಲ್ಲಿ, ಸ್ಮಶಾನದ ಗುಡ್ಡದ ಬುಡದಲ್ಲಿ. ಆ ತಿಂಗಳು ಜಿಲ್ಲೆಯ ಗಡಿ ದಾಟಲು ಪೊಲೀಸರ ಪತ್ರ ಬೇಕಿತ್ತು. ಊರಿನಿಂದ ಅಕ್ಕ ಫೋನಿನಲ್ಲಿ, ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದ್ದಾರಂತೆ ಎಂದಾಗ ನಕ್ಕವಳು ನಾನು. ಈಗ ಆಂಟಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಠಾಣೆಯ ಮೆಟ್ಟಿಲು ಹತ್ತಿದೆ. ಮಲಯ್ ಪೊಲೀಸಿನವನು ಅರ್ಜಿ ನೋಡಿದ.

“ಯಾರು ಸತ್ತದ್ದು?”

“ಗಂಡ,” ಎಂದರು ಆಂಟಿ.

“ಯಾವಾಗ?”

“ಹೋದ ವರ್ಷ.”

ಅವನು ಪೆನ್ನು ಕೆಳಗಿಟ್ಟ. ಆಸ್ಪತ್ರೆ, ಸಾವು, ಕೆಲಸ, ಈ ಮೂರು ಕಾರಣಕ್ಕೆ ಮಾತ್ರ ಪತ್ರ ಕೊಡುವುದು ಎಂದ. ಆಂಟಿ ಮಲಯ್ ಭಾಷೆಯಲ್ಲಿ ಮೆಲ್ಲಗೆ ಹೇಳಿದರು, ಕಲ್ಲಿನ ಮೇಲೆ ಬೇರೆಯವರ ಊರು ಬಿದ್ದಿದೆ ಎಂದು. ಅವನು ನನ್ನತ್ತ ತಿರುಗಿದ. “ನನ್ನದೇ ತಪ್ಪು,” ಎಂದೆ. ಆ ಹೊತ್ತಿಗೆ ನನ್ನ ಕಣ್ಣು ತುಂಬಿಬಂದಿತ್ತು, ನಾಚಿಕೆಯೂ ಆಯಿತು. ತನ್ನ ಊರು ಕೆಲಂತಾನ್, ಒಂದು ವರ್ಷದಿಂದ ಹೋಗಲಾಗಿಲ್ಲ ಎಂದ ಅವನು, ಯಾರೂ ಕೇಳದೆಯೇ. ಕಾರಣದ ಜಾಗದಲ್ಲಿ ‘ಸಾವು’ ಎಂದು ಬರೆದು ಠಸ್ಸೆ ಒತ್ತಿದ.

ನಾವು ತಲುಪುವಾಗ ಯಂತ್ರದ ಸದ್ದು ರಸ್ತೆಗೇ ಕೇಳಿಸುತ್ತಿತ್ತು. ಕಲ್ಲು ಅಂಗಳದಲ್ಲಿ ಮಲಗಿತ್ತು. ಶಿಯಾಂಗಾನ್ ಎಂಬ ಎರಡು ಅಕ್ಷರಗಳು ಮೇಲ್ಗಡೆ ಆಳವಾಗಿ, ಚೊಕ್ಕವಾಗಿ ಕೂತಿದ್ದವು.

ಕೆತ್ತುವವನು ಕನ್ನಡಕದ ಧೂಳು ಒರೆಸಿಕೊಂಡು ನನ್ನನ್ನೇ ನೋಡಿದ. “ನಾನು ಕೇಳಿದೆ. ನಲವತ್ತು ವರ್ಷದಿಂದ ಕೆತ್ತುತ್ತಿದ್ದೇನೆ, ಈ ಊರಿನವನು ಒಬ್ಬನೂ ಸತ್ತಿಲ್ಲ ಅಂತಲೇ ಕೇಳಿದೆ. ನೀನು ಸರ್ಕಾರ ಅಂದೆ.”

ಚೀನಾದಿಂದ ಹೊಸ ಕಲ್ಲು ತರಿಸಲು ಸಮಯವಿರಲಿಲ್ಲ. ಹಡಗುಗಳೇ ತಡವಾಗುತ್ತಿದ್ದ ಕಾಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಆ ಅಕ್ಷರಗಳ ಜಾಗವನ್ನು ಉಜ್ಜಿ ಉಜ್ಜಿ ತೆಗೆದ. ಎರಡು ತಾಸು ಹಿಡಿಯಿತು. ಕಲ್ಲಿನ ಹಣೆಯಲ್ಲಿ ಊಟದ ತಟ್ಟೆಯಷ್ಟು ತಗ್ಗು ಉಳಿಯಿತು. ಆ ತಗ್ಗಿನಲ್ಲಿ ಟೊಂಗಾನ್ ಎಂದು ಕೆತ್ತಿದ. ಆಂಟಿ ಬೆರಳಿನಿಂದ ಎರಡೂ ಅಕ್ಷರಗಳನ್ನು ಮುಟ್ಟಿ ನೋಡಿದರು. ಕ್ಷಮಿಸಿ ಎಂದು ನಾನು ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಅಂಕಲ್ ಹೆಸರಿನ ಪಕ್ಕದಲ್ಲಿ ಆಂಟಿಯ ಹೆಸರೂ ಇತ್ತು, ಕೆಂಪು ಬಣ್ಣದಲ್ಲಿ. ಬದುಕಿರುವ ಹೆಂಡತಿಯ ಹೆಸರನ್ನು ಹಾಗೆ ಕೆಂಪಾಗಿ ಬರೆದಿಡುತ್ತಾರೆ, ತೀರಿಕೊಂಡ ಮೇಲೆ ಚಿನ್ನದ ಬಣ್ಣ ತುಂಬುತ್ತಾರೆ. ನಮ್ಮಲ್ಲಿ ಹೀಗೆ ಮಾಡಿದ್ದರೆ ಮನೆಯಲ್ಲಿ ರಂಪವಾಗುತ್ತಿತ್ತು. “ನಿಮಗೂ ಮೇಲಿನ ಊರೇ ತಾನೇ?” ಎಂದು ಕೆತ್ತುವವನು ಕೇಳಿದ.

“ಮತ್ತೆ? ಅವನ ಪಕ್ಕದಲ್ಲಿ ಬೇರೆ ಊರಿನವಳಾಗಿ ಮಲಗಲಾ?” ಎಂದರು ಆಂಟಿ.

ವಾಪಸು ಹೊರಟೆವು. ಪುಚೊಂಗ್ ಹತ್ತಿರವಾಗುತ್ತಿದ್ದಂತೆ ಎಡಗಡೆ ಒಂದು ಕೆರೆ ಕಂಡಿತು. ಇಲ್ಲಿನ ಅನೇಕ ಕೆರೆಗಳ ಹಾಗೆ ಅದೂ ಹಿಂದೆ ತವರದ ಗಣಿ. ಈಗ ಸುತ್ತ ಎತ್ತರದ ಕಾಂಡೋ ಕಟ್ಟಡಗಳು. ಆಂಟಿ ಕಾರು ನಿಲ್ಲಿಸಲು ಹೇಳಿದರು.

“ನಾನು ಹುಟ್ಟಿದ್ದು ಅಲ್ಲಿ,” ಎಂದು ನೀರಿನ ನಡುವಿಗೆ ಬೆರಳು ತೋರಿಸಿದರು. “ನಲವತ್ತು ಮನೆ ಇತ್ತು. ಅಗೆಯುತ್ತಾ ಬಂದ ಹಾಗೆ ನಮ್ಮನ್ನು ಹಿಂದೆ ಹಿಂದೆ ಸರಿಸಿದರು. ಆಮೇಲೆ ಸರಿಯೋಕೆ ಜಾಗ ಇರಲಿಲ್ಲ. ಟೊಂಗಾನ್ ಅವನ ಊರು. ನಾನು ನೋಡೇ ಇಲ್ಲ.” ತಮ್ಮ ಹುಟ್ಟೂರಿನ ಹೆಸರು ಹೇಳಿದರು. ನಾನು ಮೊಬೈಲ್ ತೆಗೆದು ಹುಡುಕಿದೆ, ರೂಢಿ. ನಕ್ಷೆಯಲ್ಲಿ ಬರೀ ನೀಲಿ.

“ಹುಡುಕಬೇಡ, ಬರೆದಿಟ್ಟುಕೋ. ಮಗನಿಗೆ ಗೊತ್ತಿಲ್ಲ. ನನ್ನ ಸರದಿ ಬಂದಾಗ ನನ್ನ ಹೆಸರಿನ ಕೆಳಗೆ ಚಿಕ್ಕದಾಗಿ ಹಾಕಿಸು. ಸರ್ಕಾರ ಏನಂತದೆ ಅಂತ ಕೇಳೋಕೆ ಹೋಗ್ಬೇಡ.” ಆಮೇಲೆ ಸೇರಿಸಿದರು: “ಆಗ ನೀನು ಇಲ್ಲೇ ಇದ್ದರೆ.”

“ಇರ್ತೇನೆ ಆಂಟಿ,” ಎಂದೆ.

ಬಾಯಿಂದ ಅದು ಹೇಗೆ ಬಂತೋ. ಊರು ಬಿಡುವಾಗ ಎರಡೇ ವರ್ಷ ಎಂದು ಅಕ್ಕನ ಕೈ ಹಿಡಿದು ಹೇಳಿ ಬಂದಿದ್ದೆ. ಆ ಭಾನುವಾರ ಅವಳು ಫೋನಿನಲ್ಲಿ, “ವಿಮಾನ ಶುರುವಾದ ಕೂಡ್ಲೆ ಬರ್ತಿ ಅಲ್ವಾ ಮಾರಾಯ್ತಿ? ಅಪ್ಪನ ಗೋರಿಗೆ ಒಂದು ಮೊಂಬತ್ತಿ ಹಚ್ಚಲಿಕ್ಕೆ ನಾನೊಬ್ಬಳೇ ಹೋಗುದು,” ಎಂದಳು. ಬರ್ತೇನೆ ಎಂದೆ. ಅದನ್ನೂ ಮನಸ್ಸಿನಿಂದಲೇ ಹೇಳಿದೆ. ಇಬ್ಬರಲ್ಲಿ ಒಬ್ಬರಿಗೆ ನಾನು ಮಾತು ತಪ್ಪಲೇಬೇಕು. ಯಾರಿಗೆ ಎಂದು ನನಗಿನ್ನೂ ತಿಳಿದಿಲ್ಲ. ಬೇಲಿಯಾಚೆ ಆಂಟಿ ಕೆಮ್ಮಿದರೆ ಸಾಕು, ಎದೆ ಧಸಕ್ಕೆನ್ನುತ್ತದೆ.